ಟಯರು-ಮಡ್‌ಗಾರ್ಡುಗಳ ಸಂಧಿಪ್ರಕರಣ

ಗ್ರಂಥಾರಂಭಕ್ಕೆ ಮುಂಚೆ ಊರಿನ ನಿರ್ಣಯ ಆಗಬೇಕು. ಕರ್ನಾಟಕದಲ್ಲಿ ನಲ್ಲೂರುಗಳು ಒಂದೆರಡಲ್ಲ. ದೇವನಹಳ್ಳಿ ಕಡೆಯ ನಲ್ಲೂರಿಗೆ ಹುಣಸೆತೋಪಿದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಬಿರುದು ಆ ತೋಪಿಗೆ ಬಂತು. ಕಾರ್ಕಳ ಸೀಮೆಯಲ್ಲಿ ಇನ್ನೊಂದು ನಲ್ಲೂರಿದೆ. ನಮ್ಮ ಗ್ರಂಥಕ್ಕೆ ವಿಷಯವಾದದ್ದು ಚನ್ನಗಿರಿ ತಾಲ್ಲೂಕಿನದು. ಇದಕ್ಕೆ ಬಿರುದು ಬಾವಲಿ ಇಲ್ಲ. ಅಡಿಕೆ ತೋಟ ಇದೆ, ಕೆಸರಿದೆ, ಸೈಕಲ್ಲಿದೆ. ಶಾಸ್ತ್ರ ಹುಟ್ಟಲು ಇಷ್ಟು ಸಾಕು. ನಲ್ ಎಂದರೆ ಒಳ್ಳೆಯದು. ಅದಕ್ಕೆ ಊರು ಸೇರುವಾಗ ನಡುವೆ ಎಲ್ಲಿಂದಲೋ ಇನ್ನೊಂದು ಲಕಾರ ಬಂದು ಅಂಟಿಕೊಂಡು ನಲ್ಲೂರು ಆಯಿತು. ಎರಡು ವಸ್ತುಗಳ ಸಂದಿನಲ್ಲಿ ಕರೆಯದೆ ಬಂದು ಅಂಟಿಕೊಳ್ಳುವ ಈ ಗುಣವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಈಗ ಪೂರ್ವಪಕ್ಷ. ಇಂಗ್ಲೆಂಡಿನ ಸೈಕಲ್ ಪಂಡಿತರು ‘ಚಳಿಗಾಲದ ಸೈಕಲ್’ ಎಂಬ ಜಾತಿಯೊಂದನ್ನು ಒಪ್ಪುತ್ತಾರೆ. ಬೇಸಿಗೆಯ ಒಳ್ಳೆ ಸೈಕಲನ್ನು ಒರೆಸಿ ಒಳಗಿಟ್ಟು, ಮಡ್‌ಗಾರ್ಡ್ ಹಾಕಿದ ಇನ್ನೊಂದನ್ನು ಹೊರಗೆ ತೆಗೆಯುವುದು ಅಲ್ಲಿಯ ಆಚಾರ. ಅವರ ಚಳಿಗಾಲವೆಂದರೆ ಒದ್ದೆ ರಸ್ತೆ, ಮಂಜು ಕರಗಿಸಲು ರಸ್ತೆಗೆ ಸುರಿದ ಉಪ್ಪು, ಮುಂದಿನವನ ಚಕ್ರದಿಂದ ಹಿಂದಿನವನ ಬಾಯಿಗೆ ಚಿಮ್ಮುವ ನೀರು. ಗುಂಪಿನಲ್ಲಿ ಹೋಗುವವನು ಹಿಂದಿನ ಮಡ್‌ಗಾರ್ಡಿಗೆ ಉದ್ದನೆಯ ರಬ್ಬರ್ ನಾಲಿಗೆ ಕಟ್ಟದಿದ್ದರೆ ಅವನನ್ನು ಮರ್ಯಾದಸ್ಥನೆಂದು ಅಲ್ಲಿ ಗಣಿಸುವುದಿಲ್ಲ.

ಈ ಮತವನ್ನು ನಲ್ಲೂರಿಗೆ ತಂದರೆ ಒಂದು ವಾರವೂ ನಿಲ್ಲದು. ನಮ್ಮ ಚಳಿಗಾಲದಲ್ಲಿ ಮಳೆಯೇ ಇಲ್ಲ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿರುತ್ತಾರೆ. ಆಗ ಮಡ್‌ಗಾರ್ಡಿಗೆ ಇರುವ ಕೆಲಸ ಜೋಳದ ಕಾಳು ಸಿಡಿಯದಂತೆ ತಡೆಯುವುದೊಂದೇ. ಆದ್ದರಿಂದ ಸಿದ್ಧಾಂತ: ಇಂಗ್ಲೆಂಡಿನ ಚಳಿಗಾಲಕ್ಕೆ ನಲ್ಲೂರಿನಲ್ಲಿ ಮಳೆಗಾಲವೇ ಆದೇಶ. ವ್ಯಾಕರಣವೂ ಇದಕ್ಕೆ ಅನುಕೂಲವಾಗಿದೆ. ಚಳಿ, ಮಳೆ ಎರಡರ ಮುಂದೆಯೂ ಕಾಲದ ಕಕಾರ ಹೋಗಿ ಗಕಾರ ಬರುತ್ತದೆ.

ಮಳೆಗಾಲವೂ ಒಂದೇ ಮುದ್ದೆಯಲ್ಲ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಜೂನ್ ಎರಡನೇ ವಾರದ ಮೃಗಶಿರ ಮಳೆ ಧೂಳನ್ನು ಹಿಟ್ಟು ಕಲಸಿದಂತೆ ಕಲಸಿ ಬಿಡುತ್ತದೆ, ಅಷ್ಟೆ. ಆರಿದ್ರೆ, ಪುನರ್ವಸುವಿಗೆ ಹಿಟ್ಟು ಹದಕ್ಕೆ ಬರುತ್ತದೆ. ಪುಷ್ಯ, ಆಶ್ಲೇಷದಲ್ಲಿ ಜಡಿ ಹಿಡಿದರೆ ಎಲ್ಲ ನೀರುನೀರಾಗಿ, ವಿಚಿತ್ರವೆಂದರೆ, ಸೈಕಲ್ಲಿಗೆ ಸ್ವಲ್ಪ ಅನುಕೂಲ. ಧಾರಾಳ ನೀರಿದ್ದರೆ ಕೆಸರು ತೊಳೆದುಹೋಗುತ್ತದೆ. ಅಪಾಯ ಇರುವುದು ಮಳೆ ಬಿಟ್ಟು ಒಂದು ಬಿಸಿಲು ಬಿದ್ದ ಮಧ್ಯಾಹ್ನದಲ್ಲಿ. ಇದನ್ನು ತಿಳಿಯದವರು ಮಳೆ ನಿಂತಿತೆಂದು ಸೈಕಲ್ ತೆಗೆಯುತ್ತಾರೆ.

ಕೆಸರಿನ ಭೇದ. ಕೆಮ್ಮಣ್ಣಿನ ಕೆಸರು ಚಿಮ್ಮುತ್ತದೆ, ಬಿಳಿ ಪಂಚೆಯ ಬೆನ್ನ ಮೇಲೆ ಚಿತ್ತಾರ ಬಿಡಿಸುತ್ತದೆ, ಆದರೆ ಅಂಟಿ ಕೂರುವುದಿಲ್ಲ. ಮಡ್‌ಗಾರ್ಡ್ ಎಂಬ ವಸ್ತುವನ್ನು ಕಂಡುಹಿಡಿದವನ ಮನಸ್ಸಿನಲ್ಲಿದ್ದದ್ದು ಈ ಬಗೆಯ ಸಭ್ಯ ಕೆಸರೇ ಇರಬೇಕು. ಎರೆಮಣ್ಣಿನದು ಬೇರೆ ಕುಲ. ನೀರು ಕುಡಿದಷ್ಟೂ ಉಬ್ಬುತ್ತದೆ, ಚಕ್ರ ಒಂದು ಸುತ್ತು ತಿರುಗಿದರೆ ಒಂದು ಪದರ, ಎರಡು ಸುತ್ತಿಗೆ ಎರಡು. ಚಪಾತಿಗೆ ಎಣ್ಣೆ ಸವರಿ ಮಡಚಿದಂತೆ ಪದರದ ಮೇಲೆ ಪದರ. ಮೂರನೆಯದು ಗದ್ದೆ ಕೆಸರು. ಭದ್ರಾ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರುಗಳು ಗದ್ದೆಯಿಂದ ಹೆಂಟೆಹೆಂಟೆಯಾಗಿ ತಂದು ಡಾಂಬರು ರಸ್ತೆಗೆ ಬಡಿಸುತ್ತವೆ. ‘ನಾನು ಡಾಂಬರು ಬಿಟ್ಟು ಇಳಿಯುವುದೇ ಇಲ್ಲ’ ಎನ್ನುವವರ ವಾದ ಇಲ್ಲಿಗೆ ಬಿದ್ದುಹೋಗುತ್ತದೆ. ಹೊನ್ನಾಳಿ, ನ್ಯಾಮತಿ ಕಡೆ ಹೊಳೆದಂಡೆಯ ಎರೆ. ನ್ಯಾಮತಿ ಹೊನ್ನಾಳಿಯಿಂದ ಬೇರೆ ತಾಲ್ಲೂಕಾಯಿತೇ ಹೊರತು ಕೆಸರು ಪಾಲಾಗಲಿಲ್ಲ. ಜಗಳೂರಿನವರಿಗೆ ಮಳೆಯೇ ಅಪರೂಪ, ಅವರ ಕಷ್ಟ ಜಾಲಿಮುಳ್ಳು. ಅದು ಪಂಕ್ಚರ್ ಪ್ರಕರಣಕ್ಕೆ ಸೇರಿದ್ದು, ಇಲ್ಲಿ ಬೇಡ.

ಇನ್ನು ಲಕ್ಷಣ. ‘ಮಡ್‌ಗಾರ್ಡ್ ಹಾಕಿಯೂ ಚಕ್ರ ತಿರುಗುವಂಥದ್ದೇ ಮಳೆಗಾಲದ ಫ್ರೇಮ್’ ಎಂದು ಸಾಮಾನ್ಯರು ಹೇಳುತ್ತಾರೆ. ತರ್ಕಶಾಸ್ತ್ರದ ಮೂರು ದೋಷಗಳೂ ಇದರಲ್ಲಿ ಕೂಡಿವೆ. ಅಂಗಡಿಯಲ್ಲಿ ಸ್ಟ್ಯಾಂಡ್ ಹಾಕಿ ತಿರುಗಿಸಿದರೆ ಎಲ್ಲ ಸೈಕಲ್ಲಿನ ಚಕ್ರವೂ ತಿರುಗುತ್ತದೆ; ಇದು ಅತಿವ್ಯಾಪ್ತಿ. ಮಡ್‌ಗಾರ್ಡ್ ತುಕ್ಕು ಹಿಡಿದು ಉದುರಿಹೋದ, ಆದರೂ ನಲವತ್ತು ಮಳೆಗಾಲ ಕಂಡ ಹಳೇ ಸೈಕಲ್ಲು ಲಕ್ಷಣದಿಂದ ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಎರೆಯಲ್ಲಿ ಯಾವುದೂ ತಿರುಗುವುದಿಲ್ಲ, ಇದು ಅಸಂಭವ. ಆದ್ದರಿಂದ ಚಕ್ರವನ್ನೂ ಮಡ್‌ಗಾರ್ಡನ್ನೂ ಬಿಟ್ಟು ಅವೆರಡರ ನಡುವಿನ ಸಂದನ್ನು ಹಿಡಿಯಬೇಕು. ಸಂದು ಎಂಬುದು ಸಂಧಿಯ ತದ್ಭವ. ಹೀಗಾಗಿ ಕನ್ನಡ ಸಂಧಿಗಳ ವಿಭಾಗ ಇಲ್ಲಿ ಯಥಾವತ್ತಾಗಿ ಹೊಂದುತ್ತದೆ. ಎಂಟನೇ ತರಗತಿಯಲ್ಲಿ ಇವನ್ನು ಬಾಯಿಪಾಠ ಮಾಡಿಸುವಾಗ ಮೇಷ್ಟ್ರು ಇದರ ಉಪಯೋಗ ಹೇಳಿರಲಿಲ್ಲ. ಅದೇ ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಸರ್ಕಾರ ಸೈಕಲ್ ಕೊಡಲು ಶುರುಮಾಡಿದ್ದನ್ನು ನೋಡಿದರೆ ಯಾರೋ ವೈಯಾಕರಣಿ ಇಲಾಖೆಯಲ್ಲಿದ್ದನೆಂದೇ ಅನುಮಾನ.

ಲೋಪಸಂಧಿ: ಸಂದು ಇಲ್ಲವಾಗುವುದು. ನಟ್ಟು ಸಡಿಲಾಗಿ ಮಡ್‌ಗಾರ್ಡ್ ಕೆಳಗೆ ಕೂತು ಟಯರನ್ನು ಸವರುತ್ತ ಊರಿಡೀ ‘ಸರ್‌ ಸರ್‌’ ಎನ್ನುತ್ತದೆ. ಮದ್ದು ಒಂದು ವಾಷರ್.

ಆದೇಶಸಂಧಿ: ಒಂದರ ಜಾಗಕ್ಕೆ ಇನ್ನೊಂದು ಬರುವುದು. ಬೋಲ್ಟಿನ ಜಾಗಕ್ಕೆ ಬೈಂಡಿಂಗ್ ವೈರು, ರಬ್ಬರ್ ನಾಲಿಗೆಯ ಜಾಗಕ್ಕೆ ಸವೆದ ಹವಾಯಿ ಚಪ್ಪಲಿ. ನಮ್ಮ ಸೀಮೆಯಲ್ಲಿ ಹತ್ತು ವರ್ಷ ದಾಟಿದ ಸೈಕಲ್ಲುಗಳೆಲ್ಲ ಬಹುಪಾಲು ಆದೇಶಗಳೇ.

ಆಗಮಸಂಧಿ: ಮೊದಲಿಲ್ಲದ್ದು ಹೊಸದಾಗಿ ನಡುವೆ ಬಂದು ಸೇರುವುದು. ಇದಕ್ಕೆ ಪ್ರಕೃತ ಗ್ರಂಥಕಾರನ ಅನುಭವವೇ ಪ್ರಮಾಣ. ಪೇಟೆಯಿಂದ ರೋಡ್ ಬೈಕ್ ಒಂದನ್ನು ತಂದಿದ್ದೆ. 25 ಮಿಲಿಮೀಟರ್ ಟಯರು, ಮೇಲೆ ಕ್ಲಿಪ್ಪಿನಲ್ಲಿ ಸಿಕ್ಕಿಸುವ ಪ್ಲಾಸ್ಟಿಕ್ ಮಡ್‌ಗಾರ್ಡ್. ಸಂದಿನಲ್ಲಿ ವೀಳ್ಯದೆಲೆ ತೂರಿಸಿದರೆ ಎಲೆ ಹರಿಯದೆ ಬರುತ್ತಿತ್ತು ಅಷ್ಟೆ. ಆಶ್ಲೇಷ ಮಳೆ ಬಿಟ್ಟ ಒಂದು ಮಧ್ಯಾಹ್ನ ಹತ್ತಿರದ ದಾರಿಯೆಂದು ನಾಲೆ ಏರಿಗೆ ಇಳಿಸಿದೆ. ನೂರು ಮಾರು ಹೋಗಿರಲಿಕ್ಕಿಲ್ಲ, ಹಿಂದಿನ ಚಕ್ರ ಎಮ್ಮೆ ಕೂತಂತೆ ಕೂತುಬಿಟ್ಟಿತು. ಇಳಿದು ನೋಡಿದರೆ ಪೆಡಲಿನ ಅಚ್ಚಿನ ಹಿಂದೆ, ಎರಡು ಕೊಳವೆಗಳು ಕೂಡುವಲ್ಲಿ ಅಡ್ಡಪಟ್ಟಿಯೊಂದಿರುತ್ತದಲ್ಲ, ಅಲ್ಲಿ ಮುದ್ದೆಯಂಥ ಎರೆ, ಅದರೊಳಗೆ ಹುಲ್ಲು, ಒಂದು ಗರಿಕಡ್ಡಿ, ಸಣ್ಣ ಕಲ್ಲು. ಗುಬ್ಬಿ ಗೂಡು ಕಟ್ಟಿದ ಹಾಗೆ. ಬೆರಳು ತೂರುತ್ತಿಲ್ಲ. ಹೊತ್ತುಕೊಳ್ಳೋಣವೆಂದರೆ ಹತ್ತು ಕಿಲೋ ಸೈಕಲ್ಲು ಹದಿನೈದಾಗಿದೆ. ಹುಲ್ಲಿನ ಹೊರೆ ಹೇರಿಕೊಂಡು ಹಳೇ ಸೈಕಲ್ ತಳ್ಳುತ್ತ ಬಂದ ಅಜ್ಜ ನಿಂತ.

‘ಏನಾತು ತಮ್ಮಾ?’

‘ಚಕ್ರ ತಿರುಗ್ತಿಲ್ಲ ಅಜ್ಜಾ.’

ಅಜ್ಜ ಬಗ್ಗಿ ನೋಡಿ, ‘ಎಲ್ಲಿ ತಿರುಗ್ತದೆ? ಅದಕ್ಕೆ ಉಸುರಾಡಕ್ಕೆ ಜಾಗಾನೇ ಬಿಟ್ಟಿಲ್ವಲ್ಲ’ ಎಂದ. ಹೊರೆಗೆ ಸಿಕ್ಕಿಸಿದ್ದ ಅಡಿಕೆ ದಬ್ಬೆಯ ಸೀಳೊಂದನ್ನು ಎಳೆದು ಕೈಗೆ ಕೊಟ್ಟ. ಅವನ ಸೈಕಲ್ಲಿನಲ್ಲೂ ಎರೆ ಹಿಡಿದಿತ್ತು. ಆದರೆ ಟಯರಿನ ಮೇಲೆ ಎರಡು ಬೆರಳಿನ ಆಕಾಶ ಇತ್ತು, ಮುಂದಿನ ಮಡ್‌ಗಾರ್ಡನ್ನು ಮಳೆಗಾಲಕ್ಕೆಂದೇ ಬಿಚ್ಚಿಟ್ಟಿದ್ದ. ಮಡ್‌ಗಾರ್ಡಿನ ಪರಮ ಪ್ರಯೋಜನ ಅದನ್ನು ಬಿಚ್ಚಿಡುವುದರಲ್ಲಿದೆ ಎಂಬ ಈ ಗಹನ ಮತ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಮುಂದಿನದನ್ನೇ ಏಕೆ ಬಿಚ್ಚಬೇಕು? ಹಿಂದಿನ ಚಕ್ರ ಕಚ್ಚಿಕೊಂಡರೆ ಸೈಕಲ್ ನಿಲ್ಲುತ್ತದೆ. ಮುಂದಿನದು ಕಚ್ಚಿಕೊಂಡರೆ ಸೈಕಲ್ ನಿಲ್ಲುತ್ತದೆ, ಸವಾರ ಮಾತ್ರ ಮುಂದುವರಿಯುತ್ತಾನೆ.

ಕೊನೆಯದು ಪ್ರಕೃತಿಭಾವ, ಸಂಧಿ ಆಗದೆ ಇದ್ದದ್ದು ಇದ್ದಂತೆಯೇ ಇರುವುದು. ಟಯರು ಟಯರಾಗಿ, ಮಡ್‌ಗಾರ್ಡು ಮಡ್‌ಗಾರ್ಡಾಗಿ, ನಡುವೆ ಬರೀ ಗಾಳಿ. ಫ್ರೇಮ್ ಆರಿಸುವವನು ಬಯಸಬೇಕಾದದ್ದು ಇದನ್ನೇ. ವ್ಯಾಕರಣದವರು ಇದಕ್ಕೆ ‘ಅಯ್ಯೋ ಇದೇನು’ ಎಂಬ ಉದಾಹರಣೆ ಕೊಡುತ್ತಾರೆ. ಅದು ಆಗಮಸಂಧಿಯಲ್ಲಿ ಸಿಕ್ಕಿದವನು ಆಡುವ ಮಾತು. ಇಲ್ಲಿ ಉದಾಹರಣೆಗಳು ಅದಲುಬದಲಾಗಿವೆ ಎಂದು ನನ್ನ ಅಭಿಪ್ರಾಯ.

ಸಂದಿನ ಮಾನ. ಮಿಲಿಮೀಟರು ಇಂಚುಗಳನ್ನು ನಂಬುವ ಹಾಗಿಲ್ಲ. ಹಳೇ ಡಬಲ್ ಬಾರಿನ 28 ಇಂಚಿನ ಟಯರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್. ಇಂದಿನ ರೋಡ್ ಬೈಕಿನದು 622. ಎರಡನ್ನೂ 28 ಎಂದೇ ಕರೆಯುತ್ತಾರೆ, ಒಂದರ ಟಯರು ಇನ್ನೊಂದಕ್ಕೆ ಏರದು. 26 ಎಂಬ ಹೆಸರಿನಲ್ಲಿ 559, 590 ಎರಡೂ ಸಂಸಾರ ಮಾಡುತ್ತಿವೆ. ಹೀಗಿರುವಾಗ ಚನ್ನಗಿರಿ ಸೀಮೆಯವರು ಚನ್ನಗಿರಿಯ ಮಾನವನ್ನೇ ಹಿಡಿಯುವುದು ಕ್ಷೇಮ: ಎಲೆ, ಹೋಳು, ಗೋಟು. ವೀಳ್ಯದೆಲೆ ಮಾತ್ರ ಹಿಡಿಸುವುದು ಎಲೆಸಂದು. ಅಡಿಕೆ ಹೋಳು ಹಿಡಿಸುವುದು, ಅಂದರೆ ಸುಮಾರು ಒಂದು ಸೆಂಟಿಮೀಟರ್, ಹೋಳುಸಂದು. ಇಡೀ ಗೋಟಡಿಕೆ ಉರುಳಿಕೊಂಡು ಹೋಗುವುದು ಗೋಟುಸಂದು. ಎಲೆಸಂದು ಡಾಂಬರಿಗೆ, ಹೋಳುಸಂದು ಕೆಮ್ಮಣ್ಣಿಗೆ, ಗೋಟುಸಂದು ಎರೆಗೆ. ಎರೆಯಲ್ಲಿ ಗೋಟೂ ಸಾಲದ ದಿನಗಳಿವೆ. ಆ ದಿನ ಬಸ್ಸು.

ಈಗ ಫ್ರೇಮುಗಳು. ಗೋಟುಸಂದಿನ ಕುಲದಲ್ಲಿ ಅಗ್ರಗಣ್ಯ ಹಳೇ ಕಪ್ಪು ಸೈಕಲ್ಲು: ಹರ್ಕ್ಯುಲಿಸ್, ಅಟ್ಲಾಸ್, ಹೀರೋ. ಮುಂದಿನ ಫೋರ್ಕು ಮುಂದಕ್ಕೆ ಬಾಗಿ ಚಾಚಿಕೊಂಡಿದೆ, ಹಿಂದಿನ ಚಕ್ರ ಸೀಟಿನ ಕೊಳವೆಯಿಂದ ದೂರ. ರಾಡ್ ಬ್ರೇಕಿನ ಕಟ್ಟೆಗಳು ರಿಮ್ಮನ್ನು ಒಳಗಡೆಯಿಂದ ಮೇಲಕ್ಕೆ ಒತ್ತುವುದರಿಂದ ಟಯರಿನ ಮೇಲ್ಭಾಗ ಖಾಲಿ. ತಗಡಿನ ಮಡ್‌ಗಾರ್ಡು ಎಷ್ಟು ಅಗಲವೆಂದರೆ ಅದರ ಮೇಲೆ ಮನೆದೇವರ ಹೆಸರು ಬರೆಸಿ ಇನ್ನೂ ಜಾಗ ಮಿಗುತ್ತಿತ್ತು. ಕಂಬಿ ಸಿಗದ ವಯಸ್ಸಿನಲ್ಲಿ ಅದರ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆದವರಿಗೆ, ಆ ಫ್ರೇಮಿನಲ್ಲಿ ಹುಡುಗನೊಬ್ಬ ಹಿಡಿಸುವಷ್ಟು ಸಂದಿದೆ ಎಂಬುದೂ ಗೊತ್ತು. ದೋಷ ಭಾರವೊಂದೇ.

ಎಲೆಸಂದಿನ ಕುಲ ರೇಸಿನ ಫ್ರೇಮುಗಳದು. ರಿಮ್ ಬ್ರೇಕ್ ಇದ್ದರೆ ಬೋಲ್ಟಿನಿಂದ ಕಟ್ಟೆಯವರೆಗಿನ ಉದ್ದ ನೋಡಬೇಕು. 39ರಿಂದ 49 ಮಿಲಿಮೀಟರಿನ ಗಿಡ್ಡ ಬ್ರೇಕಿಗೆ 25ರ ಟಯರು, ಮಡ್‌ಗಾರ್ಡು ಎರಡನ್ನೂ ಕೂರಿಸುವುದೆಂದರೆ ಎರಡು ಮಂದಿಯ ಸೀಟಿನಲ್ಲಿ ಮೂರನೆಯವರು ‘ಸ್ವಲ್ಪ ಸರೀರಿ’ ಎಂದಂತೆ. 47ರಿಂದ 57ರ ಉದ್ದ ಬ್ರೇಕಿಗೆ 28 ಸಲೀಸು. ಡಿಸ್ಕ್ ಬ್ರೇಕ್ ಬಂದ ಮೇಲೆ ಟಯರಿನ ತಲೆಯ ಮೇಲಿದ್ದ ಕತ್ತರಿ ಹೋಯಿತು, ಸಂದು ದೊಡ್ಡದಾಯಿತು. ಅದರಿಂದಲೇ ಹೋಳುಸಂದಿನ ಹೊಸ ಕುಲ ಹುಟ್ಟಿದ್ದು, ಪೇಟೆಯಲ್ಲಿ ಅದನ್ನು ಗ್ರ್ಯಾವೆಲ್ ಎನ್ನುತ್ತಾರೆ. ‘40ರ ಟಯರು ಹಿಡಿಸುತ್ತದೆ’ ಎಂದು ಕಂಪನಿ ಅಚ್ಚು ಹಾಕಿದ್ದರೆ ಅದು ಸಾಮಾನ್ಯವಾಗಿ ಮಡ್‌ಗಾರ್ಡ್ ಇಲ್ಲದ ಲೆಕ್ಕ. ಮಡ್‌ಗಾರ್ಡ್ ಬೇಕೆಂದರೆ ಒಂದೆರಡು ಅಳತೆ ಇಳಿದು 35ಕ್ಕೋ 32ಕ್ಕೋ ಬನ್ನಿ. 35ರ ಟಯರಿಗೆ ಮಡ್‌ಗಾರ್ಡಿನ ಅಗಲ 45ರ ಆಸುಪಾಸು ಇರಲಿ, ಅದಕ್ಕಿಂತ ಕಿರಿದಾದರೆ ಅದು ಟೋಪಿ, ಕೊಡೆಯಲ್ಲ.

ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಬಗ್ಗಿ ನೋಡಬೇಕಾದ ಎರಡು ಜಾಗಗಳಿವೆ. ಚಕ್ರದ ಅಚ್ಚು ಕೂರುವ ಕಡೆ ಸಣ್ಣ ತೂತಿನ ಕಿವಿಗಳಿವೆಯೇ? ಇಲ್ಲದಿದ್ದರೆ ಮಡ್‌ಗಾರ್ಡಿನ ಕಡ್ಡಿಗಳನ್ನು ಪಟ್ಟಿಯಿಂದ ಫ್ರೇಮಿಗೆ ಬಿಗಿಯಬೇಕು, ಅದು ಮೊದಲ ಗುಂಡಿಯವರೆಗಿನ ಸ್ನೇಹ. ಎರಡನೆಯದು, ಪೆಡಲನ್ನು ಮುಂದಕ್ಕೆ ನಿಲ್ಲಿಸಿ ಹ್ಯಾಂಡಲ್ ತಿರುಗಿಸಿದಾಗ ಚಪ್ಪಲಿಯ ತುದಿ ಮಡ್‌ಗಾರ್ಡಿಗೆ ತಾಗುತ್ತದೆಯೇ? ಬರಿಯ ಟಯರಿಗೆ ತಾಗದ ಕಾಲು ಮಡ್‌ಗಾರ್ಡ್ ಹಾಕಿದ ಮೇಲೆ ತಾಗುವುದುಂಟು. ಸಂತೆಯಲ್ಲಿ ನಿಧಾನವಾಗಿ ಹೊರಳುವಾಗಲೇ ಅದು ತಿಳಿಯುವುದು, ನೋಡಲು ಜನವೂ ಇರುತ್ತಾರೆ.

ಕ್ರಮವೂ ತಿರುಗಾಮುರುಗಾ. ಲೋಕದಲ್ಲಿ ಮೊದಲು ಫ್ರೇಮ್ ಕೊಂಡು, ಅದಕ್ಕೆ ಹಿಡಿಸುವ ಟಯರು ಹಾಕಿ, ಮಿಕ್ಕ ಜಾಗಕ್ಕೆ ಮಡ್‌ಗಾರ್ಡ್ ತುರುಕಿ, ಆಮೇಲೆ ಮಣ್ಣಿಗೆ ಇಳಿಯುತ್ತಾರೆ. ನಲ್ಲೂರಿನಲ್ಲಿ ಮಣ್ಣಿನಿಂದ ಶುರುಮಾಡಬೇಕು. ಮಣ್ಣು ಸಂದನ್ನು ಹೇಳುತ್ತದೆ, ಸಂದು ಟಯರನ್ನು. ಫ್ರೇಮಿನ ಹೆಸರು ಕೊನೆಗೆ ತಾನಾಗಿ ಬರುತ್ತದೆ.

ಈ ಕ್ರಮದಲ್ಲೇ ನಾನು ಎರಡನೆಯ ಸೈಕಲ್ ತಂದೆ. ಉಕ್ಕಿನ ಫ್ರೇಮು, ಡಿಸ್ಕ್ ಬ್ರೇಕು, 35ರ ಟಯರು, ನಾಲ್ಕು ಕಿವಿ. ಮಡ್‌ಗಾರ್ಡ್ ಕೂರಿಸಲು ಪಂಕ್ಚರ್ ಅಂಗಡಿಗೆ ಒಯ್ದು, ಪಾನಾ ಹಿಡಿದು ಕೂತಿದ್ದ ಅಣ್ಣನಿಗೆ ಎಲೆ, ಹೋಳು, ಗೋಟುಗಳ ಸಿದ್ಧಾಂತವನ್ನು ಸವಿಸ್ತಾರವಾಗಿ ಹೇಳಿ ಜೇಬಿನಿಂದ ಹೋಳೊಂದನ್ನು ಕೊಟ್ಟೆ. ಅವನು ಅದನ್ನು ಟಯರಿನ ಮೇಲಿಟ್ಟು ಚಕ್ರವನ್ನು ಮೆಲ್ಲಗೆ ತಿರುಗಿಸಿದ. ಹೋಳು ಮಡ್‌ಗಾರ್ಡಿನೊಳಗೆ ಹೋಗಿ, ಎಲ್ಲೂ ತಡೆಯದೆ, ಆ ಕಡೆಯಿಂದ ಅವನ ಅಂಗೈಗೆ ಬಿತ್ತು.

‘ಅಳತೆ ಆತಲ್ಲ ಸಾರ್?’

‘ಆಯ್ತು.’

ಪಂಚೆಗೆ ಒರೆಸಿ ಬಾಯಿಗೆ ಹಾಕಿಕೊಂಡು, ಎಲೆ ಇದೆಯೇ ಎಂದು ಕೇಳಿದ.