ಮಧ್ಯರಾತ್ರಿಯ ಮುಹೂರ್ತ: ಡಾ. ಆಂಡ್ಜೇ ಡೂಡಾ ಅವರಿಗೊಂದು ಬಹಿರಂಗ ಪತ್ರ

ಪೋಲೆಂಡಿನ ಮಾಜಿ ಅಧ್ಯಕ್ಷರೂ ಕಾನೂನು ಪಂಡಿತರೂ ಆದ ಡಾ. ಆಂಡ್ಜೇ ಡೂಡಾ ಅವರ ಸನ್ನಿಧಾನಕ್ಕೆ,



2025ರ ಆಗಸ್ಟ್ 6ರಂದು ತಾವು ಕುರ್ಚಿ ಬಿಟ್ಟಿಳಿದ ಮೇಲೆ ತಮ್ಮ ಹತ್ತು ವರ್ಷಗಳ ಆಳ್ವಿಕೆಯನ್ನು ತೂಗಿ ಅಳೆದು ಬರೆದವರು ಬೇಕಾದಷ್ಟು ಮಂದಿ. ಆದರೆ ತಮ್ಮ ಒಂದು ಪ್ರತಿಭೆಗೆ ಸಲ್ಲಬೇಕಾದ ಹೊಗಳಿಕೆ ಸಂದಂತೆ ಕಾಣಲಿಲ್ಲ. ಅದು ತಮ್ಮ ಮುಹೂರ್ತಜ್ಞಾನ. ಯಾವ ಕಾಗದಕ್ಕೆ ಈ ಕ್ಷಣವೇ ಸಹಿ ಬೀಳಬೇಕು, ಯಾವುದು ಮೇಜಿನ ಮೇಲೆ ಬಿದ್ದು ಹಣ್ಣಾಗಬೇಕು ಎಂಬುದನ್ನು ತಮ್ಮಷ್ಟು ಚೆನ್ನಾಗಿ ಬಲ್ಲ ರಾಷ್ಟ್ರಾಧ್ಯಕ್ಷರು ಕಡಿಮೆ. ಹೊಸ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುವುದಕ್ಕೂ ರಾಹುಕಾಲ ನೋಡುವ ನಾಡಿನವನು ನಾನು. ಈ ವಿದ್ಯೆಗೆ ಬೆಲೆ ಕಟ್ಟುವ ಅರ್ಹತೆ ನನಗುಂಟು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ತಾವು ಹುಟ್ಟಿದ್ದು 1972ರಲ್ಲಿ, ಕ್ರಾಕೋವ್‌ನಲ್ಲಿ, ಪ್ರಾಧ್ಯಾಪಕ ದಂಪತಿಗಳ ಮಗನಾಗಿ. ಓದಿದ್ದು 1364ರಲ್ಲಿ ಸ್ಥಾಪನೆಯಾದ, ಕೋಪರ್ನಿಕಸ್ ಓದಿದ್ದ ಯಾಗೆಲೋನಿಯನ್ ವಿಶ್ವವಿದ್ಯಾಲಯದಲ್ಲಿ. ಅಲ್ಲೇ ಆಡಳಿತ ಕಾನೂನಿನ ಮೇಷ್ಟರಾಗಿ, 2005ರಲ್ಲಿ ಪಿಎಚ್‌ಡಿ ಪಡೆದಿರಿ. ಗೈಡ್ ಆಗಿದ್ದವರು ಪ್ರೊ. ಯಾನ್ ಜಿಮ್ಮರ್‌ಮನ್. ಮುಂದೆ ಈ ಗುರುಗಳೇ ತಮ್ಮ ಶಿಷ್ಯ ಸಂವಿಧಾನವನ್ನು ಉಲ್ಲಂಘಿಸಿದ್ದಾನೆಂದು ಬಹಿರಂಗವಾಗಿ ಹೇಳಬೇಕಾಗಿ ಬಂತು. ಗುರುವನ್ನು ಮೀರಿಸಿದ ಶಿಷ್ಯರನ್ನು ಕಂಡಿದ್ದೇವೆ. ಗುರು ಕಲಿಸಿದ್ದನ್ನೇ ಮೀರಿದವರು ತಾವು.

ಉಳಿದ ಮೆಟ್ಟಿಲುಗಳನ್ನು ಬೇಗ ಹತ್ತಿಬಿಡೋಣ. 2006ರಲ್ಲಿ ನ್ಯಾಯ ಇಲಾಖೆಯ ಉಪಮಂತ್ರಿ. ಆಮೇಲೆ ಅಧ್ಯಕ್ಷ ಲೆಹ್ ಕಚಿನ್‌ಸ್ಕಿ ಅವರ ಕಚೇರಿಯಲ್ಲಿ ಕಾನೂನು ವ್ಯವಹಾರ. 2010ರ ಏಪ್ರಿಲ್ 10ರಂದು ಸ್ಮೊಲೆನ್ಸ್ಕ್‌ನಲ್ಲಿ ಅಧ್ಯಕ್ಷರ ವಿಮಾನ ಬಿದ್ದು 96 ಮಂದಿ ಸತ್ತರು, ತಮ್ಮ ಯಜಮಾನರೂ ಹೋದರು. ಅದೇ ವರ್ಷ ಕ್ರಾಕೋವ್‌ನ ಮೇಯರ್ ಚುನಾವಣೆಗೆ ನಿಂತು ಸೋತಿರಿ. 2014ರ ಕೊನೆಯಲ್ಲಿ ‘ಕಾನೂನು ಮತ್ತು ನ್ಯಾಯ’ ಪಕ್ಷದ ಒಡೆಯರಾದ ಯಾರೊಸ್ವಾವ್ ಕಚಿನ್‌ಸ್ಕಿ, ಅಂದರೆ ತೀರಿಕೊಂಡ ಅಧ್ಯಕ್ಷರ ಅವಳಿ ಸೋದರ, ಅಧ್ಯಕ್ಷ ಚುನಾವಣೆಗೆ ತಮ್ಮತ್ತ ಬೆರಳು ತೋರಿಸಿದರು. ಬಸ್ಸೊಂದನ್ನು ಹತ್ತಿ ಊರೂರು ಸುತ್ತಿದಿರಿ. ಗೆದ್ದೇ ಗೆಲ್ಲುತ್ತೇನೆಂದು ಕೂತಿದ್ದ ಆಗಿನ ಅಧ್ಯಕ್ಷ ಕೊಮೊರೊವ್‌ಸ್ಕಿ ಅವರನ್ನು ಶೇಕಡಾ 51.55 ಮತ ಪಡೆದು ಮನೆಗೆ ಕಳಿಸಿದಿರಿ. ಆ ಗೆಲುವು ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. 43 ವರ್ಷದ ವಕೀಲನೊಬ್ಬ ಸಂವಿಧಾನದ ಕಾವಲಿಗೆ ಬಂದ ಎಂದು ಸಂತೋಷಪಟ್ಟವರಲ್ಲಿ ವಕೀಲರೂ ಇದ್ದಿರಬೇಕು.

ಇನ್ನು ಮುಹೂರ್ತದ ವಿಷಯ. 2015ರ ಅಕ್ಟೋಬರ್ 8ರಂದು ಹಳೆಯ ಸಂಸತ್ತು ಸಾಂವಿಧಾನಿಕ ನ್ಯಾಯಮಂಡಳಿಗೆ ಐವರನ್ನು ಆರಿಸಿತು. ಅದರಲ್ಲಿ ಇಬ್ಬರ ಜಾಗ ಡಿಸೆಂಬರಿನವರೆಗೆ ಖಾಲಿಯಾಗುವಂತೆಯೇ ಇರಲಿಲ್ಲ. ಚುನಾವಣೆ ಸೋಲುವ ಮುಂಚೆ ಸಿಕ್ಕಷ್ಟು ಬಾಚಿಕೊಳ್ಳೋಣ ಎಂಬ ಆಸೆ, ಆಗಿನ ಆಳುವ ಪಕ್ಷದ ಪಾಲಿನ ಪಾಪ ಅದು. ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಉಳಿದ ಮೂವರ ಆಯ್ಕೆ ಸರಿಯಾಗಿಯೇ ಇತ್ತು. ಅವರಿಗೆ ಪ್ರಮಾಣವಚನ ಬೋಧಿಸಿದ್ದರೆ ಆಗುತ್ತಿತ್ತು. ಅಕ್ಟೋಬರ್ ಕಳೆಯಿತು, ನವೆಂಬರ್ ಕಳೆಯಿತು, ತಮಗೆ ಪುರುಸೊತ್ತೇ ಸಿಗಲಿಲ್ಲ. ಅಷ್ಟರಲ್ಲಿ ಹೊಸ ಸಂಸತ್ತು ಬಂತು, ತಮ್ಮ ಪಕ್ಷಕ್ಕೆ ಬಹುಮತ ಬಂತು. ಡಿಸೆಂಬರ್ 2ರ ಸಂಜೆ ಅದು ಬೇರೆ ಐವರನ್ನು ಆರಿಸಿತು. ಮೂರನೇ ತಾರೀಖು ಬೆಳಿಗ್ಗೆ ಹಳೆಯ ಆಯ್ಕೆಯ ಬಗ್ಗೆ ನ್ಯಾಯಮಂಡಳಿಯ ತೀರ್ಪು ಬರಬೇಕಿತ್ತು. ಬೆಳಗಾಗುವ ತನಕ ಕಾಯುವುದುಂಟೇ? ನಡುರಾತ್ರಿ ದಾಟಿದ ಮೇಲೆ ಅರಮನೆಯ ದೀಪ ಹೊತ್ತಿಸಿ ನಾಲ್ವರಿಗೆ ಪ್ರಮಾಣವಚನ ಬೋಧಿಸಿದಿರಿ. ಮೂವರಿಗೆ ಎರಡು ತಿಂಗಳಲ್ಲಿ ಒಂದು ಹಗಲೂ ಕೂಡಿಬರಲಿಲ್ಲ, ನಾಲ್ವರಿಗೆ ಅಪರಾತ್ರಿಯೇ ಶುಭವಾಯಿತು! ಬೆಳಿಗ್ಗೆ ಬಂದ ತೀರ್ಪು ಹಳೆಯ ಮೂವರ ಆಯ್ಕೆ ಸಿಂಧು ಎಂದಿತು. ಅಷ್ಟು ಹೊತ್ತಿಗೆ ಶಾಸ್ತ್ರ ಮುಗಿದು ಹೋಗಿತ್ತು.

ಆ ರಾತ್ರಿಯ ಫಲ ಎಲ್ಲೆಲ್ಲಿ ಬಿತ್ತೆಂದು ತಮಗೆ ಗೊತ್ತಿದೆ. ಹುಲ್ಲುಹಾಸು ಬೆಳೆದು ಮಾರುವ ಕ್ಸೆರೊ ಫ್ಲೋರ್ ಎಂಬ ಕಂಪನಿಯೊಂದು ತಮ್ಮಲ್ಲಿದೆ. ಅದರ ಹೊಲಕ್ಕೆ ಕಾಡುಪ್ರಾಣಿಗಳು ನುಗ್ಗಿದವು. ಪರಿಹಾರ ಸಾಲದೆಂದು ಕೋರ್ಟು ಹತ್ತಿದ ಕಂಪನಿಯ ದೂರು ಸಾಂವಿಧಾನಿಕ ನ್ಯಾಯಮಂಡಳಿ ತನಕ ಹೋಯಿತು. (ಕಾಡುಹಂದಿ ಗದ್ದೆ ತುಳಿದದ್ದಕ್ಕೆ ಪರಿಹಾರ ಕೇಳಿ ಅರಣ್ಯ ಇಲಾಖೆಗೆ ಅಲೆದ ಮಲೆನಾಡಿನ ರೈತರಿಗೆ ಈ ಕತೆ ಬಿಡಿಸಿ ಹೇಳಬೇಕಿಲ್ಲ.) ಅಲ್ಲಿ ಪೀಠದಲ್ಲಿ ಕೂತವರಲ್ಲಿ ತಾವು ಆ ರಾತ್ರಿ ಪ್ರಮಾಣವಚನ ಬೋಧಿಸಿದ ಒಬ್ಬರೂ ಇದ್ದರು. 2021ರ ಮೇ 7ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, ಆ ಪೀಠ ಕಾನೂನಿನ ಪ್ರಕಾರ ರಚನೆಯಾದದ್ದೇ ಅಲ್ಲ ಎಂದು ತೀರ್ಪು ಕೊಟ್ಟಿತು. ಕಾಡುಪ್ರಾಣಿ ತುಳಿದದ್ದು ಹುಲ್ಲನ್ನು ಮಾತ್ರ.

ಕ್ಷಮಾದಾನದಲ್ಲಂತೂ ತಮ್ಮ ಚುರುಕು ಅಸಾಧಾರಣ. ಭ್ರಷ್ಟಾಚಾರ ನಿಗ್ರಹ ದಳದ ಮುಖ್ಯಸ್ಥರಾಗಿದ್ದ ಮರಿಯುಷ್ ಕಮಿನ್‌ಸ್ಕಿ ಅವರಿಗೆ ಅಧಿಕಾರ ದುರ್ಬಳಕೆಗಾಗಿ ಕೆಳಗಿನ ಕೋರ್ಟು ಮೂರು ವರ್ಷ ಸಜೆ ವಿಧಿಸಿತ್ತು. ಮೇಲ್ಮನವಿ ಇನ್ನೂ ಬಾಕಿಯಿತ್ತು. ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದು ಇತ್ಯರ್ಥವಾಗುವ ಮುನ್ನವೇ, 2015ರ ನವೆಂಬರ್‌ನಲ್ಲಿ ತಾವು ಕ್ಷಮಿಸಿಬಿಟ್ಟಿರಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದನ್ನು ನಮ್ಮವರು ಗಾದೆಯಾಗಿ ಆಡಿಕೊಂಡು ನಗುತ್ತಾರೆ. ತಾವು ಅದನ್ನೇ ರಾಜ್ಯದ ಮುದ್ರೆಯೊತ್ತಿ ಹೊರಡಿಸಿದಿರಿ. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಕ್ಷಮೆ ಊರ್ಜಿತವಲ್ಲ ಎಂದಿತು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಅಂತಿಮ ಶಿಕ್ಷೆಯಾಯಿತು. 2024ರ ಜನವರಿ 9ರಂದು ಪೊಲೀಸರು ಕಮಿನ್‌ಸ್ಕಿ ಅವರನ್ನೂ ಅವರ ಸಹಚರರೊಬ್ಬರನ್ನೂ ಹಿಡಿದದ್ದು ತಮ್ಮ ಅರಮನೆಯೊಳಗೇ! ತಾವು ಆಗ ಬೆಲ್ವೆಡೆರ್ ಭವನದಲ್ಲಿ ಬೇರೆ ಅತಿಥಿಗಳೊಡನೆ ಇದ್ದಿರಿ. ಎರಡು ವಾರದಲ್ಲಿ ಅವರನ್ನು ಮತ್ತೆ ಕ್ಷಮಿಸಿದಿರಿ, ಮೊದಲ ಕ್ಷಮೆ ಗಟ್ಟಿಯಾಗಿಯೇ ಇದೆ ಎಂದು ಹೇಳುತ್ತಲೇ. ಗಟ್ಟಿಯಾಗಿರುವ ಬೀಗಕ್ಕೆ ಎರಡನೇ ಬೀಗವೇಕೆ ಎಂದು ಕೇಳುವವರಿಗೆ ಕಾನೂನಿನ ಸೂಕ್ಷ್ಮ ತಿಳಿಯದು.

ತಡ ಮಾಡುವ ಕಲೆಯಲ್ಲೂ ತಾವು ಕಡಿಮೆಯಿಲ್ಲ. 2017ರ ಜುಲೈನಲ್ಲಿ ಜನ ಮೇಣದಬತ್ತಿ ಹಿಡಿದು ನ್ಯಾಯಾಲಯಗಳ ಮುಂದೆ ನಿಂತರು. ನ್ಯಾಯಾಂಗವನ್ನು ಕೈವಶ ಮಾಡಿಕೊಳ್ಳುವ ಮೂರು ಮಸೂದೆಗಳಲ್ಲಿ ಎರಡಕ್ಕೆ ತಾವು ವೀಟೊ ಹಾಕಿದಿರಿ. ಅಂದು ತಮ್ಮ ಪಕ್ಷದವರೇ ಬೆಚ್ಚಿದರು, ವಿರೋಧಿಗಳೂ ಕೊಂಡಾಡಿದರು. ಡಿಸೆಂಬರ್ ಬರುವಷ್ಟರಲ್ಲಿ ತಮ್ಮದೇ ಮಸೂದೆಗಳು ಸಿದ್ಧವಾಗಿದ್ದವು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು 70ರಿಂದ 65ಕ್ಕಿಳಿಯಿತು. ತಾವು ಸಹಿ ಹಾಕಿದ್ದು ಡಿಸೆಂಬರ್ 20ರಂದು. ಯುರೋಪಿಯನ್ ಆಯೋಗ ಪೋಲೆಂಡಿನ ಮೇಲೆ ಒಕ್ಕೂಟದ ಒಪ್ಪಂದದ ಏಳನೇ ವಿಧಿಯ ಕ್ರಮ ಆರಂಭಿಸಿದ್ದೂ ಅದೇ ದಿನ. ಪಂಚಾಂಗ ಬರೆಯುವವರಿಗೂ ಇಂಥ ಹೊಂದಾಣಿಕೆ ಸಿಕ್ಕದು.

ಆ ವರ್ಷವೇ ಅಲ್ಲವೇ ರಾಬರ್ಟ್ ಗೂರ್ಸ್ಕಿ ಅವರ ಹಾಸ್ಯ ಸರಣಿ ಯೂಟ್ಯೂಬಿನಲ್ಲಿ ಬಂದದ್ದು? ಪಕ್ಷದ ಒಡೆಯರ ಕೋಣೆಯ ಹೊರಗೆ ‘ಆದ್ರಿಯಾನ್’ ಎಂಬ ಅಧ್ಯಕ್ಷ ಕೂತೇ ಇರುತ್ತಾನೆ, ಒಳಗೆ ಕರೆಯುವವರಿಲ್ಲ. ಇಡೀ ದೇಶ ಆ ಹೆಸರಿಟ್ಟು ನಕ್ಕಿತು. ನನಗೆ ಆ ಲೇವಡಿ ತುಸು ಅನ್ಯಾಯವೆನಿಸುತ್ತದೆ. ಹೇಳಿದಲ್ಲಿ ಸಹಿ ಹಾಕುವವನನ್ನು ನಮ್ಮಲ್ಲಿ ರಬ್ಬರ್ ಸ್ಟ್ಯಾಂಪ್ ಎನ್ನುತ್ತೇವೆ, ನಿಜ. ಆದರೆ ರಬ್ಬರ್ ಸ್ಟ್ಯಾಂಪಿಗೆ ಪಿಎಚ್‌ಡಿ ಇರುವುದಿಲ್ಲ. ತಾನು ಎಲ್ಲಿ ಬೀಳುತ್ತಿದ್ದೇನೆಂದು ಅದಕ್ಕೆ ಗೊತ್ತಿರುವುದಿಲ್ಲ.

ಹಾಗೆಂದು ವ್ಯಂಗ್ಯದ ಅಮಲಿನಲ್ಲಿ ನಿಜವನ್ನು ಮುಚ್ಚಿಡಲಾರೆ. 2021ರ ಕೊನೆಯಲ್ಲಿ ಟಿವಿಎನ್ ವಾಹಿನಿಯನ್ನು ಹಿಡಿದು ಅಮುಕುವ ಮಸೂದೆಗೆ ತಾವು ವೀಟೊ ಹಾಕಿದಿರಿ. ಅದನ್ನು ತಮ್ಮ ಪಕ್ಷ ಬಯಸಿರಲಿಲ್ಲ. 2022ರ ಫೆಬ್ರುವರಿ 23ರಂದು, ರಷ್ಯಾದ ದಾಳಿಗೆ ಒಂದು ದಿನ ಮುಂಚೆ, ತಾವು ಕೀವ್‌ನಲ್ಲಿದ್ದಿರಿ. ಮರುದಿನದಿಂದ ಪೋಲೆಂಡು ತನ್ನ ಗಡಿ ತೆರೆದು ಲಕ್ಷಾಂತರ ಜನರನ್ನು ಒಳಕ್ಕೆ ಬಿಟ್ಟುಕೊಂಡಿತು. ಹಾಗೆ ದಾಟಿ ಊರು ಸೇರಿದವರಲ್ಲಿ ಉಕ್ರೇನಿನಲ್ಲಿ ವೈದ್ಯಕೀಯ ಓದುತ್ತಿದ್ದ ಕರ್ನಾಟಕದ ಮಕ್ಕಳೂ ಇದ್ದರು. ಅವರ ತಂದೆತಾಯಿಗಳ ಲೆಕ್ಕದಲ್ಲಿ ತಮ್ಮ ದೇಶದ ಹೆಸರು ಬೇರೆಯೇ ಪುಟದಲ್ಲಿದೆ. ಆ ದಿನ ಹೊತ್ತು ಗೊತ್ತು ನೋಡದೆ ನಡೆದದ್ದಕ್ಕೇ ಕೆಲಸ ಚೆನ್ನಾಗಿ ಆಯಿತೋ ಏನೋ.

ಮತ್ತೆ ಹಳೆಯ ವಿದ್ಯೆಗೇ ಮರಳಿದಿರಿ. 2023ರ ಅಕ್ಟೋಬರ್ 15ರ ಚುನಾವಣೆಯಲ್ಲಿ ನೂರಕ್ಕೆ 74ಕ್ಕೂ ಹೆಚ್ಚು ಮಂದಿ ಮತ ಹಾಕಿ ತಮ್ಮವರ ಬಹುಮತ ಕಿತ್ತುಕೊಂಡರು. ಸರ್ಕಾರ ರಚಿಸುವಷ್ಟು ಸಂಖ್ಯೆ ಡೊನಾಲ್ಡ್ ಟಸ್ಕ್ ಅವರ ಮೈತ್ರಿಕೂಟದ ಬಳಿ ಇತ್ತು. ತಾವು ಕರೆದದ್ದು ತಮ್ಮವರೇ ಆದ ಆಗಿನ ಪ್ರಧಾನಿ ಮೊರಾವಿಯೆಟ್ಸ್ಕಿ ಅವರನ್ನು. ಅವರ ಸಂಪುಟ ನವೆಂಬರ್ 27ಕ್ಕೆ ಪ್ರಮಾಣವಚನ ಸ್ವೀಕರಿಸಿ ಡಿಸೆಂಬರ್ 11ಕ್ಕೆ ವಿಶ್ವಾಸಮತ ಕಳೆದುಕೊಂಡಿತು. ಮದುವೆ ಫೋಟೊ ಆಲ್ಬಂ ಕೈಗೆ ಬರುವುದಕ್ಕೂ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. 2024ರಲ್ಲಿ ಹೊಸ ಸರ್ಕಾರ ಸಾಂವಿಧಾನಿಕ ನ್ಯಾಯಮಂಡಳಿಯನ್ನು ಸರಿಪಡಿಸುವ ಕಾನೂನು ತಂದಾಗ, ಅದು ಸರಿಯೋ ತಪ್ಪೋ ಹೇಳಿ ಎಂದು ತಾವು ಕಳಿಸಿದ್ದು ಅದೇ ನ್ಯಾಯಮಂಡಳಿಗೆ.

ಒಂದೇ ಪ್ರಶ್ನೆ ಉಳಿದಿದೆ. ರೊಮನ್ ಹೌಸರ್, ಕ್ಷಿಷ್ಟೋಫ್ ಶ್ಲೆಬ್ಜಾಕ್, ತಮ್ಮ ಹೆಸರನ್ನೇ ಹೊತ್ತ ಆಂಡ್ಜೇ ಯಾಕುಬೆಟ್ಸ್ಕಿ: 2015ರಲ್ಲಿ ಸರಿಯಾಗಿ ಆಯ್ಕೆಯಾಗಿ ತಮ್ಮ ಕರೆಗಾಗಿ ಕಾದ ಆ ಮೂವರು ಕಾನೂನು ಪ್ರಾಧ್ಯಾಪಕರ ಒಂಬತ್ತು ವರ್ಷದ ಅವಧಿ 2024ರ ನವೆಂಬರ್‌ನಲ್ಲಿ ಮುಗಿಯಿತು. ಒಂದು ದಿನವೂ ಅವರು ಪೀಠದಲ್ಲಿ ಕೂರಲಿಲ್ಲ. ತಾವು ಅದಾದ ಮೇಲೂ ಒಂಬತ್ತು ತಿಂಗಳು ಅಧಿಕಾರದಲ್ಲಿದ್ದಿರಿ. ಅವರಿಗಾಗಿ ತಾವು ಹುಡುಕುತ್ತಿದ್ದ ದಿನ ಯಾವುದಿತ್ತು?

ಉತ್ತರಕ್ಕೆ ಆತುರವೇನಿಲ್ಲ.

ಇಂತಿ,
ತಮ್ಮ ಸಹಿಯ ದೂರದ ಅಭಿಮಾನಿ