ಒಳಗೆ ಏನುಂಟು?

ಮಂಗಳೂರಿನಲ್ಲಿ ಯಾರದಾದರೂ ಮನೆಗೆ ಗಲ್ಫಿನಿಂದ ಫ್ರಿಜ್ಜು ಬರುತ್ತದೆ ಅಂತಾದರೆ ಅದು ಎಷ್ಟು ಲೀಟರಿನದು, ಯಾವ ಕಂಪೆನಿಯದು ಎಂದು ನೆಂಟರು ಕೇಳುವುದಿಲ್ಲ. "ಒಳಗೆ ಏನುಂಟು?" ಎಂದು ಕೇಳುತ್ತಾರೆ. ಘಟ್ಟದ ಮೇಲಿನವರಿಗೆ ಇದು ಆಸೆಬುರುಕತನ ಅನಿಸೀತು. ಹಡಗಿನ ಬಾಡಿಗೆಯ ಲೆಕ್ಕ ಗೊತ್ತಿದ್ದವರಿಗೆ ಇದಕ್ಕಿಂತ ನ್ಯಾಯವಾದ ಪ್ರಶ್ನೆ ಇನ್ನೊಂದಿಲ್ಲ.

ಹಡಗಿನಲ್ಲಿ ಮನೆ ಸಾಮಾನು ಬಿಡಿಯಾಗಿ ಕಳಿಸಿದರೆ ಸಾಮಾನ್ಯವಾಗಿ ಹಣ ಕೇಳುವುದು ತೂಕಕ್ಕಲ್ಲ, ಅದು ಹಿಡಿಯುವ ಜಾಗಕ್ಕೆ. ಅಳತೆ ಘನ ಮೀಟರಿನಲ್ಲಿ. ಕಾರ್ಗೋದವರ ಬಾಯಲ್ಲಿ ಅದು ಸಿಬಿಎಂ. 20 ಅಡಿಯ ಕಂಟೇನರಿನಲ್ಲಿ ಇರುವುದು ಸುಮಾರು 33 ಸಿಬಿಎಂ. 70 ಸೆಂಟಿಮೀಟರ್ ಅಗಲ, ಅಷ್ಟೇ ಆಳ, 180 ಎತ್ತರದ ಎರಡು ಬಾಗಿಲಿನ ಫ್ರಿಜ್ಜು 0.88 ಸಿಬಿಎಂ ಆಗುತ್ತದೆ. ಮರದ ಚೌಕಟ್ಟು ಹೊಡೆದರೆಂದರೆ ಒಂದು ದಾಟಿತು. ಅದರಲ್ಲಿ ಬಹುಪಾಲು ಬರೀ ಗಾಳಿ. ದಮ್ಮಾಮಿನ ಗಾಳಿಗೆ ಬಾಡಿಗೆ ಕೊಟ್ಟು ಮಂಗಳೂರಿಗೆ ತರಿಸುವಷ್ಟು ದೊಡ್ಡ ಮನಸ್ಸಿನವರು ನಮ್ಮಲ್ಲಿ ಹುಟ್ಟಿಲ್ಲ. ಹಾಗಾಗಿ ತುಂಬಿಸುತ್ತಾರೆ.

ದಮ್ಮಾಮಿನಲ್ಲಿ ಅರ್ಧ ಆಯುಷ್ಯ ಕಳೆದ ನನ್ನ ಭಾವ ಕೆಲಸ ಬಿಟ್ಟು ಬರುವಾಗ ತುಂಬಿಸಿದ್ದನ್ನು ನೋಡಬೇಕಿತ್ತು. ತರಕಾರಿಯ ಟ್ರೇಯಲ್ಲಿ ಟ್ಯಾಂಗ್ ಡಬ್ಬಿಗಳು, ಬಾಟಲಿ ಇಡುವಲ್ಲಿ ಶಾಂಪೂ, ಮೊಟ್ಟೆಯ ಗುಳಿಗೊಂದೊಂದು ಟೈಗರ್ ಬಾಮು, ಫ್ರೀಜರಿನಲ್ಲಿ ಪಿಸ್ತ. ವಾಷಿಂಗ್ ಮೆಷಿನ್ನಿನ ಡ್ರಮ್ಮಿನೊಳಗೆ ಕಂಬಳಿ. ಈ ಕಂಬಳಿ ಅಂದರೆ ಗೊತ್ತಲ್ಲ, ಒಂದು ಬದಿಯಲ್ಲಿ ಹುಲಿಯೋ ಗುಲಾಬಿಯೋ ಇರುವ, ಒಬ್ಬರಿಂದ ಮಡಚಲಾಗದ ದಪ್ಪದ್ದು. ಡಿಸೆಂಬರಿನ ಬೆಳಗಿನ ಜಾವದಲ್ಲೂ 20 ಡಿಗ್ರಿಯಿಂದ ಕೆಳಗಿಳಿಯಲು ಹಿಂದೆಮುಂದೆ ನೋಡುವ ಊರು ಇದು. ಫ್ಯಾನನ್ನು ಐದರಲ್ಲಿಟ್ಟು, ಅದರಡಿಯಲ್ಲಿ ಹುಲಿ ಹೊದ್ದು ಮಲಗುವ ಶೌರ್ಯ ಕರಾವಳಿಯಲ್ಲಿ ಮಾತ್ರ ಕಾಣಲು ಸಿಕ್ಕೀತು.

ಹಡಗಿನಲ್ಲಿ ಸಾಮಾನು ತರಿಸುವುದೇನೂ ಇವತ್ತಿನ ಚಾಳಿಯಲ್ಲ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಬಿಡಾರ ಹೂಡಿದ್ದ. 1132ರಲ್ಲಿ ಇಲ್ಲಿ ಬರೆಸಿದ ಪತ್ರವೊಂದು ಉಳಿದಿದೆ. ಕೈರೋದ ಹಳೆಯ ಸಿನಗಾಗೊಂದರಲ್ಲಿ ಸಿಕ್ಕಿದ ಅವನ ಕಾಗದಪತ್ರಗಳ ಬೆನ್ನು ಹಿಡಿದೇ ಅಮಿತಾವ್ ಘೋಷ್ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಬರೆದದ್ದು. ಏಡನ್ನಿನ ಗೆಳೆಯರು ಹಡಗಿನಲ್ಲಿ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಕಾಗದ ಕಳಿಸುತ್ತಿದ್ದರು. ಜೊತೆಗೆ ತಾಮ್ರವನ್ನೂ ಒಡಕು ಪಾತ್ರೆಗಳನ್ನೂ ಕಳಿಸಿ, ಇಲ್ಲಿ ಹೊಸ ಪಾತ್ರೆ ಮಾಡಿಸಿ ವಾಪಸು ಕಳಿಸೆಂದು ಬರೆಯುತ್ತಿದ್ದರು. ಅಂದರೆ ಆಗ ಅಡುಗೆಮನೆಯ ಸಾಮಾನು ಮಂಗಳೂರಿನಿಂದ ಅಲ್ಲಿಗೆ ಹೋಗುತ್ತಿತ್ತು. ಒಣದ್ರಾಕ್ಷಿ ಮಾತ್ರ ಆಗಲೂ ಅಲ್ಲಿಂದಲೇ ಬರಬೇಕಿತ್ತು.

ಭಾವನ ಫ್ರಿಜ್ಜಿಗೆ ಬರುತ್ತೇನೆ. ಅಕ್ಕನ ಮನೆ ಸುರತ್ಕಲ್ಲಿನಲ್ಲಿ. ಟೆರೇಸು ಹತ್ತಿದರೆ ಪಣಂಬೂರಿನ ಬಂದರಿನ ಕ್ರೇನುಗಳು ಕಾಣುತ್ತವೆ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಈ ನವಮಂಗಳೂರು ಬಂದರಿಗೆ ಕಚ್ಚಾತೈಲ, ಕಲ್ಲಿದ್ದಲು, ಆಫ್ರಿಕಾದ ಗೇರುಬೀಜ ಎಲ್ಲವೂ ಬರುತ್ತದೆ. ಅಕ್ಕ ದಿನಾ ಸಂಜೆ ಮೇಲೆ ಹೋಗಿ, ದೂರದಲ್ಲಿ ನಿಂತ ಹಡಗುಗಳಲ್ಲಿ ತನ್ನದು ಯಾವುದಿರಬಹುದೆಂದು ನೋಡುತ್ತಿದ್ದಳು. ಫ್ರಿಜ್ಜು ಅಷ್ಟರಲ್ಲಿ ಕೊಚ್ಚಿಯಲ್ಲಿ ಇಳಿದಾಗಿತ್ತು. ನಾಲ್ಕಾರು ಮನೆಯವರ ಸಾಮಾನು ಒಂದೇ ಕಂಟೇನರಿಗೆ ತುಂಬುವ ಏಜೆಂಟರಿಗೆ ಯಾವ ಬಂದರು ಅನುಕೂಲವೋ ಅಲ್ಲಿಗೇ ಎಲ್ಲರ ಸಾಮಾನೂ ಹೋಗುತ್ತದೆ. ಮುಂದೆ 400 ಚಿಲ್ಲರೆ ಕಿಲೋಮೀಟರ್ ಲಾರಿ. ಇಡೀ ಅರಬ್ಬಿ ಸಮುದ್ರ ಒಂದು ಗೀರೂ ಹಾಕದೆ ದಾಟಿಸಿಕೊಟ್ಟದ್ದನ್ನು ಹೆದ್ದಾರಿ ಒಂದೇ ರಾತ್ರಿಯಲ್ಲಿ ಬಲಬದಿಗೆ ತಗ್ಗು ಮಾಡಿ ತಲಪಾಡಿ ದಾಟಿಸಿತು.

ಲಾರಿ ಹತ್ತುವ ಮೊದಲು ಕಸ್ಟಮ್ಸ್ ಎಂಬುದೊಂದುಂಟು. ಆಗ ಇದ್ದದ್ದು 2016ರ ಬ್ಯಾಗೇಜ್ ನಿಯಮ. ಖಾಯಮ್ಮಾಗಿ ಊರಿಗೆ ಮರಳುವವರ ರಿಯಾಯಿತಿ ಪೂರ್ತಿ ಸಿಗಬೇಕಾದರೆ ಎರಡು ವರ್ಷ ಹೊರದೇಶದಲ್ಲಿರಬೇಕು; ಆ ಎರಡು ವರ್ಷದಲ್ಲಿ ಊರಿಗೆ ಬಂದುಹೋದ ದಿನಗಳು ಒಟ್ಟು ಆರು ತಿಂಗಳು ಮೀರಬಾರದು. ನೇಮ, ಮದುವೆ, ಗೃಹಪ್ರವೇಶ ಒಂದನ್ನೂ ತಪ್ಪಿಸದ ಭಾವ ಪಾಸ್‌ಪೋರ್ಟಿನ ಸೀಲುಗಳನ್ನು ಕೂಡಿಸುತ್ತಾ ಕುಳಿತರು. ಅಷ್ಟೆಲ್ಲ ಬಂದುಹೋದದ್ದು ಯಾರಿಗಾಗಿಯೋ ಆ ನೆಂಟರೇ ಸುತ್ತ ನಿಂತು, "ಇಷ್ಟು ಸಲ ಯಾಕೆ ಬಂದಿರಿ?" ಎಂದು ಗದರಿಸಿದರು. ಹೇಗೋ ದಿನದ ಲೆಕ್ಕ ಸರಿಯಾಯಿತು. ಆಮೇಲೆ ಫ್ರಿಜ್ಜಿನ ಲೆಕ್ಕ. 300 ಲೀಟರಿನವರೆಗಿನ ಫ್ರಿಜ್ಜು ಒಂದು ಪಟ್ಟಿಯಲ್ಲಿ. ಅದಕ್ಕಿಂತ ದೊಡ್ಡದು ಸುಂಕ ಕಟ್ಟಬೇಕಾದ ಇನ್ನೊಂದು ಪಟ್ಟಿಯಲ್ಲಿ, ಟೀವಿಯ ಜೊತೆ. ಭಾವನದ್ದು ದೊಡ್ಡದು. ಮೊಟ್ಟೆಯ ಟ್ರೇ ತೆಗೆದರೆ ಎಷ್ಟು ಲೀಟರು ಕಡಿಮೆ ಆದೀತೆಂದು ಅಕ್ಕ ಫೋನಿನಲ್ಲಿ ಕೇಳಿದಳು. ಏಜೆಂಟ್ ಉತ್ತರ ಕೊಡಲಿಲ್ಲ.

ಅಂತೂ ಸಾಮಾನು ಬಂದ ದಿನ ಮನೆಯಲ್ಲಿ ಜಾತ್ರೆ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ನನ್ನು ಸಾಗಿಸುವಾಗ ಡ್ರಮ್ಮು ಅಲ್ಲಾಡದಂತೆ ಹಿಂಬದಿಯಲ್ಲಿ ಉದ್ದುದ್ದ ಬೋಲ್ಟು ಬಿಗಿಯುತ್ತಾರೆ; ಓಡಿಸುವ ಮೊದಲು ಅವನ್ನು ಬಿಚ್ಚಬೇಕು. ಭಾವ ಬಹಳ ಶಿಸ್ತಿನಿಂದ ಬಿಗಿದಿದ್ದರು. ಇಲ್ಲಿ ಎಲ್ಲರ ಕಣ್ಣೂ ಡ್ರಮ್ಮಿನ ಬಾಯಲ್ಲಿದ್ದುದರಿಂದ ಮೆಷಿನ್ನಿಗೆ ಹಿಂಬದಿ ಎಂಬುದುಂಟೆಂದು ಯಾರಿಗೂ ಹೊಳೆಯಲಿಲ್ಲ. ಕಂಬಳಿ ಹೊರಗೆ ಬಂತು, ಬಟ್ಟೆ ಒಳಗೆ ಹೋಯಿತು, ಎಲೆಕ್ಟ್ರಿಷಿಯನ್ ಸ್ವಿಚ್ ಹಾಕಿದ. ಕೊನೆಯ ಸುತ್ತಿಗೆ ಮೆಷಿನ್ನು ಬಚ್ಚಲುಮನೆಯಿಂದ ಹೊರಟು, ಪೈಪನ್ನು ಎಳೆದುಕೊಂಡು, ಅಡುಗೆಮನೆಯ ಹೊಸ್ತಿಲಿನವರೆಗೆ ಬಂತು. ನಾಗವಲ್ಲಿ ಮೈಮೇಲೆ ಬಂದದ್ದೆಂದು ಚಿಕ್ಕಮ್ಮ ಕೈಮುಗಿದರು.

ಸೌದಿಯ ಕರೆಂಟು ಸೆಕೆಂಡಿಗೆ 60 ಆವರ್ತದ್ದು, ನಮ್ಮದು 50ರದ್ದು. ಭಾವನ ಹಳೆಯ ಗಡಿಯಾರ-ರೇಡಿಯೋಗೆ ಹಂಪನಕಟ್ಟೆಯಿಂದ ಟ್ರಾನ್ಸ್‌ಫಾರ್ಮರ್ ತಂದು ಹಾಕಿದರು. ಟ್ರಾನ್ಸ್‌ಫಾರ್ಮರು ವೋಲ್ಟೇಜು ಇಳಿಸುತ್ತದೆಯೇ ಹೊರತು ಆವರ್ತವನ್ನು ಮುಟ್ಟುವುದಿಲ್ಲ. ಕರೆಂಟಿನ ಆವರ್ತ ಎಣಿಸಿಯೇ ಓಡುವ ಗಡಿಯಾರ ಅದು. ಗಂಟೆಗೆ 10 ನಿಮಿಷ ಹಿಂದೆ ಬೀಳತೊಡಗಿತು. ಇಷ್ಟು ವರ್ಷ ಕಂಪೆನಿಯ ಬಸ್ಸಿಗಾಗಿ ನಾಲ್ಕೂವರೆಗೆ ಏಳುತ್ತಿದ್ದ ಭಾವ ಅದನ್ನು ರಿಪೇರಿ ಮಾಡಿಸಲೇ ಇಲ್ಲ.

ಆಚೆಮನೆಯ ಬಾಯಮ್ಮ ಮಾತ್ರ ಈ ಸಂಭ್ರಮ ನೋಡಿ ಒಂದು ನಿಟ್ಟುಸಿರು ಬಿಟ್ಟರು. ಅವರು 1990ರಲ್ಲಿ ಕುವೈತಿನಲ್ಲಿದ್ದವರು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದ ಮೇಲೆ ಅಮ್ಮಾನಿನ ಮೂಲಕ ಏರ್ ಇಂಡಿಯಾ ವಿಮಾನದಲ್ಲಿ ಒಂದು ಕೈಚೀಲ ಹಿಡಿದು ಬಂದರು. ಬಿಟ್ಟುಬಂದ ಸಂಬಳದ ಬಾಕಿಯನ್ನು ಅವರು ಮರೆತಿದ್ದಾರೆ. ಫ್ರೀಜರಿನಲ್ಲಿ ಮಸಾಲೆ ಹಚ್ಚಿಟ್ಟಿದ್ದ ಅಂಜಲನ್ನು ಮರೆತಿಲ್ಲ.

ಹಡಗು, ಸುಂಕ, ಏಜೆಂಟ್, ಲಾರಿ ಎಲ್ಲ ಕೂಡಿಸಿದರೆ ಅದೇ ದುಡ್ಡಿಗೆ ಇಲ್ಲೇ ಹೊಸ ಫ್ರಿಜ್ಜು ಬರುತ್ತಿತ್ತೆಂದು ಟ್ಯಾಂಗ್ ಡಬ್ಬಿ ಬಗಲಲ್ಲಿ ಹಿಡಿದು ಹೊರಟ ಪ್ರತಿಯೊಬ್ಬ ನೆಂಟನೂ ಭಾವನಿಗೆ ಬುದ್ಧಿ ಹೇಳಿ ಹೋದ. ಸತ್ಯವೇ. ಆದರೆ ಹೊಸ ಫ್ರಿಜ್ಜು ಖಾಲಿ ಬರುತ್ತದೆ, ಅದನ್ನು ನೋಡಲು ಯಾರು ಬರುತ್ತಿದ್ದರು?

ಆದ್ದರಿಂದ ದುಬೈ, ದೋಹಾ, ಮಸ್ಕತ್, ದಮ್ಮಾಮಿನಲ್ಲಿ ಕುಳಿತು ಈಗ ಸಾಮಾನು ಕಟ್ಟುತ್ತಿರುವ ಊರಿನವರಲ್ಲಿ ಒಂದು ವಿನಂತಿ. ಫ್ರಿಜ್ಜು ಕಳಿಸಿ, ಮೆಷಿನ್ನು ಕಳಿಸಿ, ಪಿಸ್ತವಂತೂ ಧಾರಾಳವಾಗಿ ಕಳಿಸಿ. ಕಂಬಳಿ ಮಾತ್ರ ಬೇಡ ಮಾರಾಯ್ರೆ, ಅಟ್ಟದಲ್ಲಿ ಜಾಗ ಇಲ್ಲ.