ಸ್ಟಾರ್ ಸರ್

ರಾಯಚೂರಿನವರು 44 ಡಿಗ್ರಿ ಬಿಸಿಲಿಗೆ ಹೆದರುವುದಿಲ್ಲ. ಸ್ಟಾರ್ ಸರ್ ಇರುವ ಗ್ರೂಪಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಹಾಕುವ ಮುಂಚೆ ಮಾತ್ರ ಎರಡು ಸಲ ಓದಿ, ಮೂರನೇ ಸಲಕ್ಕೆ ಎಲ್ಲಾ ಅಳಿಸಿ, ಕೈಮುಗಿದ ಚಿತ್ರವೊಂದನ್ನು ಒತ್ತಿ ಸುಮ್ಮನಾಗುತ್ತಾರೆ. ಕೈಮುಗಿಯುವುದಕ್ಕೆ ಸ್ಪೆಲಿಂಗ್ ಇಲ್ಲ.

ಸರ್ ನಿವೃತ್ತ ಇಂಗ್ಲಿಷ್ ಮಾಸ್ತರು. ನೌಕರಿ ಹತ್ತಿದ್ದು ದೇವದುರ್ಗದಲ್ಲಿ, ತಲೆ ನೆರೆತದ್ದು ಮಾನ್ವಿಯಲ್ಲಿ, ಹಾರ ಹಾಕಿಸಿಕೊಂಡು ಮನೆಗೆ ಬಂದದ್ದು ರಾಯಚೂರಿನಲ್ಲಿ. ತೀನ್ ಕಂದೀಲಿನಿಂದ ಒಳಗೆ ಹೋದರೆ ಒಂದು ಗಲ್ಲಿ, ಗಲ್ಲಿಯಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಸರ್, ಸರ್ ಕೈಯಲ್ಲಿ ಫೋನು, ಫೋನಿನಲ್ಲಿ ಮೂರು ಗ್ರೂಪು. ದೇವದುರ್ಗದ ಹಳೆಯ ಹುಡುಗರದೊಂದು, ಮಾನ್ವಿಯವರದೊಂದು, ಓಣಿಯವರದೊಂದು. ಮೂರರಲ್ಲಿ ಒಂದಕ್ಕೂ ಅವರು ಅಡ್ಮಿನ್ ಅಲ್ಲ. ಅಡ್ಮಿನ್‌ಗಳೇ ಅವರಿಗೆ ಹೆದರುತ್ತಾರೆ, ಅಷ್ಟೆ. ಇಂಥವರೊಬ್ಬರು ನಿಮ್ಮೂರಲ್ಲೂ ಇದ್ದಾರೆ. ಅವರಿಗೆ ಬೇರೆ ಹೆಸರಿಟ್ಟಿರುತ್ತೀರಿ.

ಈ ಹೆಸರು ಬಂದ ಬಗೆ ಹೀಗೆ. ಶಾಲೆಯಲ್ಲಿದ್ದಾಗ ಸರ್ ಹತ್ತಿರ ಕೆಂಪು ಪೆನ್ನು ಇತ್ತು. ಫೋನಿಗೆ ಕೆಂಪು ಶಾಯಿ ಇಲ್ಲ. ಯಾರದಾದರೂ ತಪ್ಪು ತಿದ್ದಬೇಕಾದರೆ ಸರಿಯಾದ ಪದ ಬರೆದು ಅದರ ಮುಂದೊಂದು ಸ್ಟಾರ್ ಹಾಕಬೇಕು ಎಂದು ಮೊಮ್ಮಗಳು ಹೇಳಿಕೊಟ್ಟಳು. ಸರ್‌ಗೆ ಇದು ಅರೆಬರೆ ಕೆಲಸವೆನ್ನಿಸಿತು. ಕಂಸ ತೆರೆದವನು ಮುಚ್ಚಬೇಕು, ಉದ್ಧರಣ ಚಿಹ್ನೆ ತೆರೆದವನು ಮುಚ್ಚಬೇಕು. ಸ್ಟಾರಿಗೊಂದಕ್ಕೇ ವಿನಾಯಿತಿ ಯಾಕೆ? ಹಿಂದೊಂದು ಮುಂದೊಂದು ಹಾಕಿದರು. ವಾಟ್ಸ್‌ಆಪಿನಲ್ಲಿ ಎರಡು ಸ್ಟಾರಿನ ನಡುವೆ ಸಿಕ್ಕ ಪದ ದಪ್ಪಕ್ಷರವಾಗುತ್ತದೆ, ಸ್ಟಾರುಗಳು ಮಾಯವಾಗುತ್ತವೆ. ಹೊಡೆದವನ ಕೈ ಕಾಣದು, ಬಾಸುಂಡೆ ಕಾಣುತ್ತದೆ. ‘ನಾ ಎರಡು ಸ್ಟಾರ್ ಹಾಕೀನಿ, ಎಲ್ಲಿ ಹೋದವು?’ ಎಂದು ಸರ್ ಮೂರೂ ಗ್ರೂಪಿನಲ್ಲಿ ವಿಚಾರಣೆ ನಡೆಸಿದರು. ಸ್ಟಾರ್ ಸಿಗಲಿಲ್ಲ, ಹೆಸರು ಸಿಕ್ಕಿತು.

ತಿದ್ದುವುದಕ್ಕೆ ಅವರಿಗೆ ಹೊತ್ತು ಗೊತ್ತು ಇಲ್ಲ. ದೇವದುರ್ಗದ ಗ್ರೂಪಿನಲ್ಲಿ ಒಬ್ಬರ ತಂದೆ ತೀರಿಕೊಂಡ ಸುದ್ದಿ ಬಂತು. ಆತ್ಮಕ್ಕೆ ಶಾಂತಿ ಸಿಗಲಿ ಎಂದು ಗೆಳೆಯನೊಬ್ಬ ಇಂಗ್ಲಿಷಿನಲ್ಲಿ ಬರೆದ. ಆತ್ಮದ ಜಾಗದಲ್ಲಿ ಅವನು ಬರೆದ ಸ್ಪೆಲಿಂಗಿಗೆ ಬೂಟಿನ ಅಟ್ಟೆ ಎಂದು ಅರ್ಥ, ಶಾಂತಿಯ ಜಾಗದಲ್ಲಿ ಬರೆದದ್ದಕ್ಕೆ ತುಂಡು ಎಂದು. ಅಟ್ಟೆ ತುಂಡಾಗಿ ವಿಶ್ರಮಿಸಲಿ! ಸರ್ ಎರಡು ನಿಮಿಷ ತಡೆದರು. ಅದು ಮೃತರ ಗೌರವಾರ್ಥ ಮೌನ. ಮೂರನೇ ನಿಮಿಷಕ್ಕೆ ಎರಡು ಪದ ದಪ್ಪಕ್ಷರದಲ್ಲಿ ಬಿದ್ದವು. ತಂದೆಯನ್ನು ಕಳೆದುಕೊಂಡವನು ಸ್ಮಶಾನದಿಂದಲೇ ‘ಥ್ಯಾಂಕ್ಸ್ ಸರ್’ ಎಂದು ಬರೆದ. ಆ ಥ್ಯಾಂಕ್ಸಿನಲ್ಲೂ ಒಂದಕ್ಷರ ಕಡಿಮೆ ಇತ್ತು. ಅದನ್ನು ಸರ್ ಹದಿಮೂರನೇ ದಿನದವರೆಗೆ ತಡೆದಿಟ್ಟುಕೊಂಡರು.

ಇನ್ನು ‘ಯುವರ್’ ಎಂಬುದೊಂದಿದೆ. ನಿನ್ನ ಎನ್ನುವುದಕ್ಕೆ ಒಂದು ಸ್ಪೆಲಿಂಗ್, ನೀನಾಗಿರುವೆ ಎನ್ನುವುದಕ್ಕೆ ಇನ್ನೊಂದು. ಸರ್ ರಾತ್ರಿ ನಿದ್ದೆಗೆಡುವುದು ಇದಕ್ಕೇ. ಓದುಗರಿಗೆ ಆ ವ್ಯತ್ಯಾಸ ತೋರಿಸೋಣವೆಂದರೆ ಕನ್ನಡ ಲಿಪಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ನಮ್ಮ ಲಿಪಿ ಎಷ್ಟು ಜನರ ಮಾನ ಉಳಿಸಿದೆ ಎಂದು ಯಾರೂ ಲೆಕ್ಕ ಹಾಕಿಲ್ಲ.

ಫೋನಿನ ಕೀಲಿಮಣೆಯಲ್ಲಿ ‘ಆರ್’ ಪಕ್ಕದಲ್ಲೇ ‘ಟಿ’ ಇದೆ. ದಪ್ಪ ಬೆರಳಿನ ರೈಸ್ ಮಿಲ್ ಮಾಲೀಕರೊಬ್ಬರು, ಮಾನ್ವಿಯ ಹಳೆಯ ಶಿಷ್ಯರೇ, ‘ರೆಸ್ಪೆಕ್ಟೆಡ್ ಸರ್’ ಎಂದು ಬರೆಯಲು ಹೋಗಿ ಸರ್ ಬದಲು ‘ಸಿಟ್’ ಎಂದು ಕಳಿಸಿದರು. ಸರ್ ಉತ್ತರ: ‘ಇಷ್ಟು ವರ್ಷ ನಿಮ್ಮ ಮುಂದ ನಿಂತ್ಕೊಂಡೇ ಪಾಠ ಮಾಡೀನಿ. ಕೂಡ್ರಿ ಅಂತ ಮರ್ಯಾದಿಲೆ ಹೇಳಿದಾಂವ ನೀನೊಬ್ಬನ ನೋಡು.’

ಅವರ ಪೂಜೆಯ ಕೋಣೆಯಲ್ಲಿ ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ಇದೆ, ಅದರ ಪಕ್ಕದಲ್ಲೇ ರೆನ್ ಅಂಡ್ ಮಾರ್ಟಿನ್ ಇದೆ. ಎರಡಕ್ಕೂ ಬಟ್ಟೆ ಸುತ್ತಿದೆ. ವ್ಯಾಕರಣ ಬರೆದ ಆ ಪಿ.ಸಿ. ರೆನ್ ಮರಳುಗಾಡಿನ ಸೈನಿಕರ ಬಗ್ಗೆ ರೋಚಕ ಕಾದಂಬರಿಗಳನ್ನೂ ಬರೆದವನು, 1924ರ ‘ಬೋ ಜೆಸ್ಟ್’ ಸಿನಿಮಾ ಕೂಡ ಆಯಿತು ಎಂದು ನಾನೊಮ್ಮೆ ಹೇಳಿದೆ. ಸರ್ ಕಿವಿ ಮುಚ್ಚಿಕೊಂಡರು.

ಸರ್‌ಗೆ ಇರುವ ನಿಜವಾದ ವಿದ್ಯೆ ಬೇರೆ. ನಾಡಿ ಹಿಡಿದು ರೋಗ ಹೇಳುವವರಿದ್ದಾರಲ್ಲ, ಸರ್ ತಪ್ಪು ನೋಡಿ ಊರು ಹೇಳುತ್ತಾರೆ. ಹೆಸರಿಲ್ಲದ ನಂಬರಿನಿಂದ ಮೆಸೇಜ್ ಬರಲಿ, ‘ಡಿಡ್ ನಾಟ್ ಕೇಮ್’ ಎಂದಿದ್ದರೆ ದೇವದುರ್ಗ. ಭೂತಕಾಲವನ್ನು ಎರಡು ಸಲ ಗಟ್ಟಿ ಮಾಡಿಕೊಳ್ಳದಿದ್ದರೆ ದೇವದುರ್ಗದವರಿಗೆ ಸಮಾಧಾನವಿಲ್ಲ. ಎಲ್ಲದಕ್ಕೂ ‘ದಿ’ ಹಚ್ಚಿ ‘ದಿ ಮೈ ಫಾದರ್’ ಎಂದಿದ್ದರೆ ಮಾನ್ವಿ. ಕನ್ನಡದಲ್ಲಿ ‘ದಿ’ ಎಂಬುದೇ ಇಲ್ಲವಲ್ಲ, ಪುಕ್ಕಟೆ ಸಿಕ್ಕಿತೆಂದು ಮಾನ್ವಿಯವರು ಸುರುವಿಕೊಂಡಿದ್ದಾರೆ ಎಂಬುದು ಸರ್ ಸಿದ್ಧಾಂತ. ಕೊನೆಗೆ ‘ಓನ್ಲಿ’ ಬಂದರೆ ರಾಯಚೂರು ಪಟ್ಟಣ. ‘ಮನ್ಯಾಗೇ ಇದೀನಿ’ ಅನ್ನುವಾಗಿನ ಆ ‘ಏ’ ಬಿಟ್ಟು ಬರಲು ಮನಸ್ಸಾಗದೆ ‘ಐ ಆಮ್ ಇನ್ ಹೌಸ್ ಓನ್ಲಿ’ ಆಗುತ್ತದೆ. ಸಿಂಧನೂರು ರಸ್ತೆಯ ಕ್ಯಾಂಪುಗಳಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಮಕ್ಕಳ ಇಂಗ್ಲಿಷಿನಲ್ಲಿ ತೆಲುಗಿನ ವಾಸನೆ ಎಲ್ಲಿ ಬರುತ್ತದೆ ಎಂಬುದನ್ನೂ ಹೇಳಬಲ್ಲರು. ತಪ್ಪಿನಲ್ಲಿ ಅವರಿಗೆ ಹುಡುಗನ ಮುಖ ಕಾಣುತ್ತದೆ, ಕೂರುತ್ತಿದ್ದ ಬೆಂಚು ಕಾಣುತ್ತದೆ. ‘ಇದು ಕಿಟಕಿ ಕಡೆ ಕೂಡ್ತಿದ್ದಾಂವ ಬರದದ್ದು. ಪಾಠ ನಡೆದಾಗ ಹೊರಗ ಬಸ್ ನೋಡ್ತಿದ್ದ. ಆರ್ಟಿಕಲ್ ಹೋದ ದಿವಸ ನನಗ ನೆನಪದ.’

ಇಂಗ್ಲಿಷ್ ಹಾಳಾದದ್ದು ಮೊಬೈಲಿನಿಂದ ಎನ್ನುವುದು ಸರ್ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ. ಹುಡುಗರು ಸ್ವರಗಳನ್ನೇ ತಿಂದರು ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ತಿನ್ನಲು ಕಾರಣವಿತ್ತು. ಎಸ್ಸೆಮ್ಮೆಸ್ಸಿಗೆ 160 ಅಕ್ಷರದ ಮಿತಿ. ಒಂದು ದಾಟಿದರೆ ಎರಡು ಮೆಸೇಜಿನ ದುಡ್ಡು. ಯುಗಾದಿ ದೀಪಾವಳಿಗೆ ಅಗ್ಗದ ಪ್ಯಾಕು ನಡೆಯುತ್ತಿರಲಿಲ್ಲ, ಪೂರ್ತಿ ದರ ಕೊಡಬೇಕಿತ್ತು. ಹೊಲದ ಕೂಲಿ ದುಡ್ಡಿನಲ್ಲಿ ಕರೆನ್ಸಿ ಹಾಕಿಸಿಕೊಂಡ ಹುಡುಗ ‘ಪ್ಲೀಸ್’ ಎಂಬುದರ ಆರಕ್ಷರಕ್ಕೆ ಮೂರಕ್ಷರ ಸಾಕೆಂದುಕೊಂಡ.

‘ಸರ್, ನಿಮ್ಮ ಕಾಲದಾಗ ಟೆಲಿಗ್ರಾಂ ಇತ್ತಲ್ರಿ?’ ಎಂದೆ. ‘ಅಲ್ಲಿ ಶಬ್ದಕ್ಕಿಷ್ಟು ಅಂತ ರೊಕ್ಕ. “ಫಾದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೇಟ್ಲಿ” ಅಂತ ಎಲ್ರೂ ಕೊಡ್ತಿದ್ರು. ಅದರಾಗ ಕ್ರಿಯಾಪದ ಎಷ್ಟು, ಕರ್ತೃ ಯಾರು?’

ಸರ್ ಸ್ವಲ್ಪ ಹೊತ್ತು ಯೋಚಿಸಿದರು. ‘ಅದಕ್ಕ ಸರ್ಕಾರದ ಪರವಾನಗಿ ಇತ್ತಪಾ’ ಎಂದರು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಾಗ ಮಾತ್ರ ಅವರು ಹುಡುಗರಿಗೆ ಸ್ವರಗಳನ್ನು ತಿನ್ನಲು ಕಲಿಸಿದ ಗುರು ಹೋದನೆಂದು ಹೇಳಲಿಲ್ಲ, ಒಂದು ಯುಗ ಮುಗಿಯಿತು ಎಂದರು.

ಕುಸಿತದ ಗೋಳು ಅವರ ಮನೆಗೆ ಹೊಸದೇನಲ್ಲ. ಸರ್ ತಂದೆ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ ಕಚೇರಿ ಗುಮಾಸ್ತರಾದವರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರಿನಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಕಚೇರಿಯ ಭಾಷೆ ಬದಲಾಯಿತು, ತಂದೆಯ ಅಕ್ಷರಕ್ಕೆ ಗಿರಾಕಿ ಇಲ್ಲವಾಯಿತು. ಉರ್ದುವಿನಲ್ಲಿ ಒಂದು ಚುಕ್ಕಿ ಮೇಲಿಂದ ಕೆಳಗೆ ಬಂದರೆ ದೇವರೆಂಬ ಖುದಾ ಹೋಗಿ ಬೇರೆ ಎಂಬ ಜುದಾ ಆಗುತ್ತದೆ. ಅಂಥ ಶಿಸ್ತಿನಲ್ಲಿ ಬೆಳೆದವರು ಮಗ ಇಂಗ್ಲಿಷಿನಲ್ಲಿ ಬರೆದ ಅರ್ಜಿ ನೋಡಿ ‘ಇದೇನು, ಶಾಯಿಯೊಳಗ ಬಿದ್ದ ಇರಿವಿ ನಡದಂಗ ಅದ’ ಎಂದಿದ್ದರಂತೆ. ಸರ್ ಇದನ್ನು ತಂದೆಯ ಹಟಮಾರಿತನಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ ಫೋನು ಟಿಂಗ್ ಎನ್ನುತ್ತದೆ, ಸ್ಟಾರ್ ಹಾಕಲು ಏಳುತ್ತಾರೆ. ಈಗಲೂ ಜಮೀನಿನ ಹಳೆಯ ಉರ್ದು ಕಾಗದ ಹಿಡಿದು ಓದಿ ಹೇಳುವವರನ್ನು ಹುಡುಕಿಕೊಂಡು ಜನ ಬರುತ್ತಾರೆ. ಸರ್‌ಗೆ ಓದಲು ಬರುವುದಿಲ್ಲ.

ಬರಹದ ತಪ್ಪಿನ ವಿಷಯಕ್ಕೆ ನಮ್ಮ ಸೀಮೆಯಲ್ಲಿ ಅಶೋಕನ ಸಾಕ್ಷಿಯೂ ಇದೆ. ಅಶೋಕ ಎಂಬ ಹೆಸರೇ ಕೆತ್ತಿರುವ ಶಾಸನ ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿತು. ಅವನ ಹದಿನಾಲ್ಕನೆಯ ಬಂಡೆ ಶಾಸನದ ಪಾಠ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ದೊರೆತಿದೆ. ಅದರಲ್ಲಿ ರಾಜ ಹೇಳುವುದು, ಬರಹ ಎಲ್ಲಾದರೂ ಅರೆಬರೆಯಾಗಿದ್ದರೆ ಅದು ಲಿಪಿಕಾರನ ತಪ್ಪಿನಿಂದಲೂ ಆಗಿರಬಹುದು ಎಂದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಚಕ್ರವರ್ತಿಗೇ ಟೈಪಿಂಗ್ ಮಿಸ್ಟೇಕ್ ತಪ್ಪಲಿಲ್ಲ, ಹುಡುಗರನ್ನು ಬಿಟ್ಟುಬಿಡಿ ಎಂದು ನಾನು ವಾದಿಸಿದೆ. ಸರ್ ಮಂಡಾಳು ಒಗ್ಗರಣಿಯ ಜೊತೆ ಮಿರ್ಚಿ ಕಡಿಯುತ್ತಿದ್ದರು. ನುಂಗಿ ಹೇಳಿದರು: ‘ಅಶೋಕ ಒಪ್ಪಿಕೊಂಡ. ಇವರು ಒಪ್ಪಿಕೊಳ್ಳಂಗಿಲ್ಲ. ಅದಕ್ಕ ಅವನ ರೊಕ್ಕದ ಮ್ಯಾಲೆ ನಾಲ್ಕು ಸಿಂಹ, ಇವರ ಡಿಪಿ ಮ್ಯಾಲೆ ಬುಲೆಟ್ ಗಾಡಿ.’

ಅಶೋಕನ ರೊಕ್ಕವಲ್ಲ ಸರ್, ನಮ್ಮ ರೊಕ್ಕ ಎಂದು ತಿದ್ದುವ ಧೈರ್ಯ ನನಗೆ ಬರಲಿಲ್ಲ.

ಅವರ ಸ್ವಂತ ಇಂಗ್ಲಿಷ್ ಹೇಗಿದೆ ಎಂದು ಕೇಳುವುದು ಅಧಿಕಪ್ರಸಂಗ. ಮಾರ್ಕೆಟಿನಿಂದ ಕೊತ್ತಂಬರಿ ತರಲು ಮೊಮ್ಮಗಳಿಗೆ ಕಳಿಸಿದ ಮೆಸೇಜೂ ‘ಕೈಂಡ್ಲಿ ಡೂ ದಿ ನೀಡ್‌ಫುಲ್ ಅಂಡ್ ಆಬ್ಲೈಜ್’ ಎಂದು ಮುಗಿಯುತ್ತದೆ. ಇಂಗ್ಲೆಂಡಿನವರು ಎಂದೋ ಬಿಟ್ಟು ಹೋದ ಈ ಮಾತನ್ನು ನಮ್ಮ ಕಚೇರಿಗಳು ಮನೆಮಗನಂತೆ ಸಾಕಿವೆ. ಹಾಗೆ ಬರೆಯುವಾಗೊಮ್ಮೆ ಅವರದೇ ಫೋನು ಅದರ ಕೆಳಗೆ ಗೆರೆ ಎಳೆದು, ಹಳೆಯ ಶೈಲಿ, ಬದಲಿಸಲೇ ಎಂದು ಕೇಳಿತು. ಬದಲಿಸಲೇ ಎಂದು ಫೋನು ಕೇಳಿದ್ದು ಸರ್ ಬದುಕಿನಲ್ಲಿ ಮೊದಲ ಅವಮಾನ.

ಎರಡನೆಯದು ಬಹಳ ದೊಡ್ಡದು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. ದೇವದುರ್ಗಕ್ಕೆ ಬರಲು ಸ್ವಲ್ಪ ತಡವಾಯಿತು; ದೇವದುರ್ಗಕ್ಕೆ ಎಲ್ಲವೂ ತಡವಾಗಿಯೇ ಬರುತ್ತದೆ, ಆದರೆ ಬಂದದ್ದು ಮಾತ್ರ ಪೂರ್ತಿ ಬಂತು. ಹತ್ತಿ ವ್ಯಾಪಾರದ ಶಿಷ್ಯನೊಬ್ಬ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದ. ಈ ಸಂದೇಶ ತಲುಪುವ ಹೊತ್ತಿಗೆ ತಾವು ಆರೋಗ್ಯದಿಂದ, ಉಲ್ಲಾಸದಿಂದ ಇರುವಿರೆಂದು ನಂಬಿದ್ದೇನೆ ಎಂಬ ಅರ್ಥದ ಇಂಗ್ಲಿಷು. ನಾಲ್ಕು ಪ್ಯಾರಾ. ಸರ್ ಕನ್ನಡಕ ಒರೆಸಿಕೊಂಡು ಓದಿದರು, ಮೊಮ್ಮಗಳ ಕೈಯಲ್ಲಿ ಅಕ್ಷರ ದೊಡ್ಡದು ಮಾಡಿಸಿ ಓದಿದರು. ಒಂದು ತಪ್ಪಿಲ್ಲ. ಬೆವರಿದರು. ಫೋನ್ ಹಚ್ಚಿದರು.

‘ಯಾರಪಾ ಬರದದ್ದು?’

‘ನಾನೇ ಬರದೀನ್ರಿ ಸರ್.’

‘ಸುಳ್ಳ ಹೇಳಬ್ಯಾಡ. ಎರಡನೇ ಪ್ಯಾರಾದಾಗ ಸೆಮಿಕೋಲನ್ ಅದ. ಎಂಟನೇತ್ತದಾಗ ಫುಲ್‌ಸ್ಟಾಪ್ ಹಾಕಂದ್ರ ನಿನ್ನ ಕಣ್ಣಾಗ ನೀರ್ ಬರ್ತಿತ್ತು. ಸೆಮಿಕೋಲನ್ ಯಾರ್ ಮನ್ಯಾಗಿಂದ ತಂದಿ?’

ಅತ್ತ ಕಡೆಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊಟಕ್ಕ ಹೋಳಿಗಿ ಮಾಡ್ಸೀನ್ರಿ ಸರ್, ಬರ್ರಿ’ ಎಂದ.

ಆಮೇಲೆ ಒಬ್ಬೊಬ್ಬರೇ ಹುಡುಗರು ಸರಿಹೋದರು. ಸಂತಾಪಗಳೆಲ್ಲ ಒಂದೇ ನಮೂನೆ, ಶುಭಾಶಯಗಳೆಲ್ಲ ಒಂದೇ ಅಚ್ಚು. ದೇವದುರ್ಗದವನು ಯಾರು, ಮಾನ್ವಿಯವನು ಯಾರು ಗೊತ್ತಾಗುವುದಿಲ್ಲ. ‘ಡಿಡ್ ನಾಟ್ ಕೇಮ್’ ಬಂದು ಎಷ್ಟು ತಿಂಗಳಾಯಿತೋ. ರಾಯಚೂರಿನ ಓಣಿಯವರು ‘ಓನ್ಲಿ’ ಬಿಟ್ಟರು. ನೀರು ಬಂದಿಲ್ಲ ಎಂಬ ಮೆಸೇಜು ಕೂಡ ಮೂರು ಉಪಶೀರ್ಷಿಕೆಗಳೊಂದಿಗೆ ಬರುತ್ತದೆ. ಇಂಗ್ಲಿಷ್ ಸುಧಾರಿಸಬೇಕೆಂದು ಜೀವಮಾನವಿಡೀ ಬಡಿದಾಡಿದವರು ಅದು ಸುಧಾರಿಸಿದ ಮೇಲೆ ಊಟ ಬಿಟ್ಟರು. ‘ಇಂಗ್ಲಿಷ್ ಹಾಳಾತು’ ಎಂಬ ಹಳೆಯ ವಾಕ್ಯವನ್ನೇ ಈಗಲೂ ಹೇಳುತ್ತಾರೆ, ಕಾರಣ ಮಾತ್ರ ತಿರುವುಮುರುವು: ‘ಯಾರೂ ತಪ್ಪು ಮಾಡವಲ್ರು.’

ಮಾನ್ವಿಯ ಶಿಷ್ಯರಿಗೆ ಇದು ತಿಳಿಯಿತು. ಸೆಪ್ಟೆಂಬರ್ 5 ಹತ್ತಿರ ಬಂದಿತ್ತು. ಸರ್ ಮನಸ್ಸು ಅರಳಿಸಬೇಕೆಂದು ರೈಸ್ ಮಿಲ್ ಮಾಲೀಕರ ಮುಂದಾಳತ್ವದಲ್ಲಿ ಶಿಕ್ಷಕರ ದಿನಾಚರಣೆಯ ಅಭಿನಂದನಾ ಪತ್ರ ತಯಾರಾಯಿತು. ಚಾಟ್‌ಜಿಪಿಟಿಗೇ ಹೇಳಿದರು: ಪತ್ರ ಬರಿ, ನಮ್ಮ ಸರ್ ತಿದ್ದಿ ಸಂತೋಷಪಡುವಂತೆ ನಾಲ್ಕು ತಪ್ಪು ಹಾಕು. ಅದು ವಿನಯದಿಂದ ಹಾಕಿತು. ಪತ್ರ ಗ್ರೂಪಿಗೆ ಬಿತ್ತು. ಎಲ್ಲರೂ ಫೋನು ಹಿಡಿದು ದಪ್ಪಕ್ಷರಕ್ಕೆ ಕಾದು ಕೂತರು.

ಒಂದು ತಾಸಾದರೂ ಉತ್ತರವಿಲ್ಲ. ಆಮೇಲೆ ವಾಯ್ಸ್ ಮೆಸೇಜ್ ಬಂತು. ‘ಕುಡ್ ಹ್ಯಾವ್ ಇರಬೇಕಾದಲ್ಲಿ ಕುಡ್ ಆಫ್ ಅಂತ ಬರದೀರಿ. ಇದು ಇಂಗ್ಲಿಷ್ ಮನಿಮಾತು ಇದ್ದವರು, ಕಿವಿಗೆ ಕೇಳಿಸಿದಂಗ ಬರದು ಮಾಡೋ ತಪ್ಪು. ಪುಸ್ತಕದಾಗ ಓದಿ ಕಲ್ತ ಮಾನ್ವಿಯವರು ಇದನ್ನ ಯಾಕ ಮಾಡ್ತೀರಿ? ಈ ನಾಲ್ಕರಾಗ ಒಂದೂ ನಮ್ಮ ಜಿಲ್ಲಾದ್ದಲ್ಲ. ಪತ್ರದಾಗ ಒಂದರೆ “ದಿ ಮೈ ಸರ್” ಅದನೇನ್ರೋ?’

ಇರಲಿಲ್ಲ. ಎಲ್ಲರೂ ಕ್ಷಮೆ ಕೇಳಿದರು, ಆ ಕ್ಷಮೆಯೂ ನಿರ್ದುಷ್ಟ ಇಂಗ್ಲಿಷಿನಲ್ಲಿತ್ತು. ಕೊನೆಗೆ ಮಿಲ್ ಮಾಲೀಕರು ಅಕ್ಕಿ ಚೀಲದ ಮೇಲೆ ಕೂತು ಕನ್ನಡದಲ್ಲೇ ಬರೆದರು: ‘ಮರತೀವ್ರಿ ಸರ್. ನಮ್ಮ ತಪ್ಪು ಯಾವು ಅಂತ ನೀವೇ ಹೇಳ್ಕೊಡ್ರಿ.’

ಸರ್ ಆ ರಾತ್ರಿ ಹೊಟ್ಟೆ ತುಂಬ ಉಂಡರು ಎಂದು ಮೊಮ್ಮಗಳು ಹೇಳಿದಳು. ಈಗ ಮಾನ್ವಿ ಗ್ರೂಪಿನಲ್ಲಿ ಭಾನುವಾರ ಬೆಳಿಗ್ಗೆ ಕ್ಲಾಸು ನಡೆಯುತ್ತಿದೆ. ಮೊದಲ ವಾರ ‘ದಿ’ ಮುಗಿಯಿತು. ಎರಡನೇ ವಾರ ಮಿಲ್ ಮಾಲೀಕರು ‘ದಿ ಮೈ ರೈಸ್ ಮಿಲ್’ ಎಂದು ಬರೆದು ಹತ್ತಕ್ಕೆ ಏಳು ಪಡೆದರು. ಕಳೆದ ಮೂರು ಅಂಕ ಕ್ಯಾಪಿಟಲ್ ಅಕ್ಷರ ಸರಿಯಾಗಿ ಹಾಕಿದ್ದಕ್ಕೆ. ದೇವದುರ್ಗದವರೂ ತಮಗೊಂದು ಬ್ಯಾಚ್ ಬೇಕೆಂದು ಕೇಳಿದ್ದಾರೆ, ಅರ್ಜಿ ಇಂಗ್ಲಿಷಿನಲ್ಲಿತ್ತು. ತಪ್ಪಿಲ್ಲ ಎಂದು ಸರ್ ವಾಪಸ್ ಕಳಿಸಿದ್ದಾರೆ.